ಶನಿವಾರದ ಪಾಠ

ಏಡ್ಸ್ ರೋಗದ ಮೊದಲ ವರದಿ ಅಮೆರಿಕದಲ್ಲಿ ಪ್ರಕಟವಾದದ್ದು 1981ರ ಜೂನ್‌ನಲ್ಲಿ. ಆಗ ಅದಕ್ಕೆ ಆ ಹೆಸರೂ ಇರಲಿಲ್ಲ. 1986ರಲ್ಲಿ ಅಲ್ಲಿನ ಸರ್ಜನ್ ಜನರಲ್ ಎವರೆಟ್ ಕೂಪ್, ಲೈಂಗಿಕ ಶಿಕ್ಷಣವನ್ನು ಆದಷ್ಟು ಚಿಕ್ಕ ತರಗತಿಯಿಂದಲೇ ಆರಂಭಿಸಬೇಕೆಂದು ವರದಿ ನೀಡಿದರು. ಕೂಪ್ ಅವರು ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದವರು, ಸಂಪ್ರದಾಯಸ್ಥ ಕ್ರೈಸ್ತರು. ಅವರಿಂದ ಈ ಮಾತನ್ನು ಹೆಚ್ಚಿನವರು ನಿರೀಕ್ಷಿಸಿರಲಿಲ್ಲ.

ಆದರೆ ಹೇಳಿಕೊಟ್ಟರೆ ಮಕ್ಕಳು ಎಚ್ಚರಗೊಳ್ಳುತ್ತಾರೆಯೇ, ಕೆಡುತ್ತಾರೆಯೇ? ಇದು ವಾದದಿಂದ ಬಗೆಹರಿಯುವ ಪ್ರಶ್ನೆಯಲ್ಲ. ಮನಶ್ಶಾಸ್ತ್ರಜ್ಞ ಜಾನ್ ಜೆಮೊಟ್, ಶುಶ್ರೂಷಾ ವಿಜ್ಞಾನದ ಲೊರೆಟ್ಟಾ ಜೆಮೊಟ್ ಮತ್ತು ಸಂಗಡಿಗರು ಫಿಲಡೆಲ್ಫಿಯಾದಲ್ಲಿ 157 ಮಂದಿ ಕಪ್ಪು ಜನಾಂಗದ ಹುಡುಗರನ್ನು, ಚೀಟಿ ಎತ್ತಿದಂತೆ, ಎರಡು ಪಾಲು ಮಾಡಿದರು. ಒಂದು ಪಾಲಿನವರು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಕುಳಿತು ಒಂದು ಶನಿವಾರ 5 ಗಂಟೆ ಕಾಲ ಏಡ್ಸ್ ಬಗ್ಗೆ ಕಲಿತರು: ವೀಡಿಯೊ, ಆಟ, ಚರ್ಚೆ. ಇನ್ನೊಂದು ಪಾಲಿನವರಿಗೆ ಅಷ್ಟೇ ಹೊತ್ತು ಉದ್ಯೋಗಾವಕಾಶಗಳ ಪಾಠ. ಅದೇಕೆ ಎನ್ನುವಿರಾ? ಹಿರಿಯರು ಒಂದು ದಿನ ಕೂಡಿಸಿಕೊಂಡು ಅಕ್ಕರೆಯಿಂದ ಮಾತನಾಡಿದ್ದಕ್ಕೇ ಹುಡುಗರು ಬದಲಾದರೋ, ಪಾಠದ ವಿಷಯದಿಂದ ಬದಲಾದರೋ ಎಂಬುದನ್ನು ಬೇರ್ಪಡಿಸಬೇಕಿತ್ತು. 3 ತಿಂಗಳ ನಂತರ ಕೇಳಿದಾಗ ಮೊದಲ ಪಾಲಿನ ಹುಡುಗರಲ್ಲಿ ಲೈಂಗಿಕ ಸಂಪರ್ಕ ಕಡಿಮೆಯಾಗಿತ್ತು, ಕಾಂಡೋಮ್ ಬಳಕೆ ಹೆಚ್ಚಿತ್ತು. ಇದೆಲ್ಲ ಹುಡುಗರೇ ಹೇಳಿದ ಲೆಕ್ಕ ಎಂಬುದನ್ನು ಮರೆಯಬಾರದು. ಫಲಿತಾಂಶ 1992ರಲ್ಲಿ ಪ್ರಕಟವಾಯಿತು.

1998ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. ಈ ಬಾರಿ 659 ಮಕ್ಕಳು, ಸರಾಸರಿ ವಯಸ್ಸು 12ರ ಆಸುಪಾಸು, ಎರಡು ಶನಿವಾರ, ಮೂರು ಪಾಲು: ಸಂಯಮದ ಪಾಠ, ಸುರಕ್ಷತೆಯ ಪಾಠ, ಸಾಮಾನ್ಯ ಆರೋಗ್ಯದ ಪಾಠ. 3 ತಿಂಗಳಿಗೆ ನೋಡಿದಾಗ ಸಾಮಾನ್ಯ ಆರೋಗ್ಯದ ಪಾಠ ಕೇಳಿದವರಲ್ಲಿ ಶೇ. 21.5 ಮಂದಿ ಲೈಂಗಿಕ ಸಂಪರ್ಕ ಹೊಂದಿದ್ದರೆ, ಸಂಯಮದ ಪಾಠ ಕೇಳಿದವರಲ್ಲಿ ಶೇ. 12.5 ಮಾತ್ರ. ವರ್ಷ ತುಂಬುವಷ್ಟರಲ್ಲಿ ಆ ಅಂತರ ಬಹುಮಟ್ಟಿಗೆ ಕರಗಿತ್ತು. ಸುರಕ್ಷತೆಯ ಪಾಠದ ಪರಿಣಾಮ ವರ್ಷದುದ್ದಕ್ಕೂ ನಿಂತಿತು. ಅಷ್ಟೇ ಅಲ್ಲ, ಮೊದಲೇ ಅನುಭವವಿದ್ದ ಮಕ್ಕಳಲ್ಲಿ ಲೈಂಗಿಕ ಸಂಪರ್ಕ ಕಡಿಮೆಯಾದದ್ದೂ ಈ ಪಾಠ ಕೇಳಿದವರಲ್ಲೇ! ಕಲಿಸಿದವರು ಹಿರಿಯರೋ ಓರಗೆಯವರೋ ಎಂಬುದರಿಂದ ವ್ಯತ್ಯಾಸವೇನೂ ಕಾಣಲಿಲ್ಲ.

ನಮ್ಮ ದೇಶದಲ್ಲಿ ಶಾಲೆಗಳಿಗಾಗಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಹೊರಟದ್ದು 2005ರಲ್ಲಿ. 2007ರಲ್ಲಿ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಠ್ಯದ ಚಿತ್ರಗಳು ಅಶ್ಲೀಲ, ಇದು ನಮ್ಮ ಸಂಸ್ಕೃತಿಗೆ ಒಗ್ಗದು, ಮಕ್ಕಳು ಕೆಡುತ್ತಾರೆ ಎಂಬ ಆಕ್ಷೇಪ ಎದ್ದಿತ್ತು. ಚಿತ್ರಗಳ ಮಾತು ಬೇರೆ, ಅವನ್ನು ತಿದ್ದಬಹುದು. ಕೆಡುತ್ತಾರೆ ಎಂಬ ಮಾತಿಗೆ ಫಿಲಡೆಲ್ಫಿಯಾದ ಮಕ್ಕಳು ಉತ್ತರ ಕೊಟ್ಟು ಆ ಹೊತ್ತಿಗೆ 9 ವರ್ಷ ಕಳೆದಿತ್ತು.