ಗಾಳಿಯ ಕಾರು, ನೀರಿನ ಕಾರು

1997ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಪೋರ್ಷೆ ಕಂಪನಿ ತನ್ನ 911 ಕಾರಿನ ಹೊಸ ಅವತಾರವನ್ನು ಜನರ ಮುಂದಿಟ್ಟಿತು. ಅದರ ಹೆಡ್‌ಲೈಟುಗಳನ್ನು ಕಂಡವರಿಗೆ ನೆನಪಾದದ್ದು ಕಾವಲಿಯ ಮೇಲೆ ಒಡೆದು ಹುಯ್ದ ಮೊಟ್ಟೆ. ಮೂವತ್ತನಾಲ್ಕು ವರ್ಷ ದುಂಡಗಿದ್ದ ದೀಪಕ್ಕೆ ಈಗ ಕಿತ್ತಳೆ ಬಣ್ಣದ ಇಂಡಿಕೇಟರೂ ಸೇರಿಕೊಂಡು, ಮೊಟ್ಟೆಯ ಹಳದಿ ಒಂದು ಪಕ್ಕಕ್ಕೆ ಹರಿದು ನಿಂತಂತೆ ಕಾಣುತ್ತಿತ್ತು. ‘ಹುರಿದ ಮೊಟ್ಟೆ’ ಎಂಬ ಅಡ್ಡಹೆಸರು ಅಂಟಿಕೊಂಡಿತು, ಇಂದಿಗೂ ಬಿಟ್ಟಿಲ್ಲ. ಆದರೆ ಅಭಿಮಾನಿಗಳ ಸಿಟ್ಟಿಗೆ ದೀಪ ಒಂದು ನೆಪವಷ್ಟೆ. ನಿಜವಾದ ನೋವು ಇದ್ದದ್ದು ಕಾರಿನ ಹಿಂಭಾಗದಲ್ಲಿ. 911ರ ಎಂಜಿನ್ನನ್ನು ಮೊದಲ ಬಾರಿಗೆ ಗಾಳಿಯ ಬದಲು ನೀರಿನಿಂದ ತಣ್ಣಗಾಗಿಸಲಾಗಿತ್ತು.

ಹೊರಗಿನವರಿಗೆ ಎರಡೂ 911ಗಳೇ. ಕಾರ್ಖಾನೆಯ ಒಳಗಿನ ಲೆಕ್ಕದಲ್ಲಿ ಮಾತ್ರ ಹಳೆಯದಕ್ಕೆ 993, ಹೊಸದಕ್ಕೆ 996 ಎಂಬ ಸಂಖ್ಯೆಗಳಿದ್ದವು. ಹಳೆಯದರ ತಯಾರಿಕೆ 1998ರ ಮಾರ್ಚ್‌ವರೆಗೂ ನಡೆದೇ ಇತ್ತು. ಹಾಗಾಗಿ ಕೆಲವು ತಿಂಗಳ ಕಾಲ ಎರಡೂ ತಲೆಮಾರುಗಳು ಏಕಕಾಲಕ್ಕೆ ತಯಾರಾಗುತ್ತಿದ್ದವು. ಯಾವುದನ್ನು ಕೊಳ್ಳಬೇಕು ಎಂಬ ಚರ್ಚೆ ಆಗ ಶುರುವಾದದ್ದು, ಇಂದಿನ ಹಳೆಯ ಕಾರುಗಳ ಮಾರುಕಟ್ಟೆಯಲ್ಲೂ ಮುಗಿದಿಲ್ಲ. ಮೇಲ್ನೋಟಕ್ಕೆ ಇದು ಹಣವುಳ್ಳವರ ಚಪಲ. ಆದರೆ ಆ ಆಯ್ಕೆಯನ್ನು ಮೊದಲು ಮಾಡಬೇಕಾಗಿ ಬಂದದ್ದು ಗಿರಾಕಿಗಳಲ್ಲ, ಕಂಪನಿಯೇ. ಅದೂ ಬಾಗಿಲು ಮುಚ್ಚುವ ಭಯ ಎದುರಿಗಿದ್ದಾಗ.

ಗಾಳಿಯಿಂದ ತಣಿಯುವ ಎಂಜಿನ್ ನಮಗೇನೂ ಹೊಸದಲ್ಲ. ಬುಲೆಟ್ ಮೋಟಾರ್ ಸೈಕಲ್ಲಿನ ಸಿಲಿಂಡರಿನ ಸುತ್ತ ಒತ್ತೊತ್ತಾಗಿ ಕಾಣುವ ಲೋಹದ ರೆಕ್ಕೆಗಳು ಇರುವುದೇ ಅದಕ್ಕೆ: ಬಿಸಿಯನ್ನು ಹರಡಿ ಬೀಸುವ ಗಾಳಿಗೆ ಒಪ್ಪಿಸುವುದಕ್ಕೆ. ಲಾರಿ, ಬಸ್ಸುಗಳಲ್ಲಿ ಈ ಕೆಲಸ ನೀರಿನದು. ಎಂಜಿನ್ನಿನ ಒಳಗೆ ಕೊರೆದ ದಾರಿಗಳಲ್ಲಿ ನೀರು ಸುತ್ತಿ ಬಂದು ರೇಡಿಯೇಟರಿನಲ್ಲಿ ಬಿಸಿ ಇಳಿಸಿಕೊಳ್ಳುತ್ತದೆ. ಘಾಟಿ ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದು ಚಾಲಕ ಕೊಡ ಹಿಡಿದು ಓಡುವ ದೃಶ್ಯವನ್ನು ನೋಡಿದವರಿಗೆ, ನೀರೇ ಬೇಡದ ಎಂಜಿನ್ನಿನ ಆಕರ್ಷಣೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನೀರಿಲ್ಲದಿದ್ದರೆ ಹೆಪ್ಪುಗಟ್ಟುವ ಭಯವಿಲ್ಲ, ಸೋರುವ ಭಯವಿಲ್ಲ, ಭಾರವೂ ಕಡಿಮೆ. ಫರ್ಡಿನೆಂಡ್ ಪೋರ್ಷೆ ಅವರು ರೂಪಿಸಿದ ಫೋಕ್ಸ್‌ವ್ಯಾಗನ್ ‘ಬೀಟಲ್’ ಕಾರಿನ ಎಂಜಿನ್ ಇಂಥದೇ. ಹಿಂಬದಿಯಲ್ಲಿ ಕೂತು, ಫ್ಯಾನಿನ ಗಾಳಿಯಲ್ಲಿ ತಣಿಯುವಂಥದು. 1948ರಲ್ಲಿ ಆಸ್ಟ್ರಿಯದ ಗ್ಮುಂಡ್ ಎಂಬ ಊರಿನಲ್ಲಿ ಪೋರ್ಷೆ ಹೆಸರಿನ ಮೊದಲ ಕಾರು 356 ಹುಟ್ಟಿದ್ದು ಅದೇ ಬೀಟಲ್‌ನ ಅವಯವಗಳಿಂದ.

911ರ ರೂಪ ಬಿಡಿಸಿದವರು ಫರ್ಡಿನೆಂಡರ ಮೊಮ್ಮಗ ಫರ್ಡಿನೆಂಡ್ ಅಲೆಕ್ಸಾಂಡರ್ ಪೋರ್ಷೆ. 1963ರಲ್ಲಿ ಇದೇ ಫ್ರಾಂಕ್‌ಫರ್ಟಿನಲ್ಲಿ ಅದು ಪ್ರದರ್ಶನಗೊಂಡಾಗ ಹೆಸರು 901 ಎಂದಿತ್ತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ಫ್ರಾನ್ಸಿನಲ್ಲಿ ತನಗೆ ಮೀಸಲು ಎಂದು ಪೂಜೋ ಕಂಪನಿ ತಕರಾರು ತೆಗೆದಿದ್ದರಿಂದ ಸೊನ್ನೆ ಹೋಗಿ ಒಂದು ಬಂತು. ಎರಡು ಲೀಟರಿನ ಎಂಜಿನ್, 130 ಅಶ್ವಶಕ್ತಿ, ಎಡಕ್ಕೆ ಮೂರು ಬಲಕ್ಕೆ ಮೂರು ಮಲಗಿದ ಆರು ಸಿಲಿಂಡರುಗಳು. ಎಲ್ಲವೂ ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ತಿರುವಿನಲ್ಲಿ ಹೆದರಿ ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈ ಭಾರ ಬಾಲವನ್ನು ಹೊರಕ್ಕೆ ಎಳೆಯುತ್ತಿತ್ತು. ದೋಷವೇ, ನಿಜ. ಆದರೆ ಅದನ್ನು ಪಳಗಿಸಿದೆನೆಂಬ ಹೆಮ್ಮೆ 911 ಓಡಿಸುವವರ ಸಂಪ್ರದಾಯದ ಒಂದು ಭಾಗವಾಯಿತು.

ಈ ಕಾರನ್ನು ಮೂಲೆಗೆ ಸರಿಸುವ ಮೊದಲ ಪ್ರಯತ್ನ ನಡೆದದ್ದು 1970ರ ದಶಕದಲ್ಲಿ. ಆಗ ಕಂಪನಿಯ ಚುಕ್ಕಾಣಿ ಹಿಡಿದಿದ್ದ ಅರ್ನ್‌ಸ್ಟ್ ಫುರ್ಮಾನ್ ಹಳೆಯದರ ರುಚಿ ತಿಳಿಯದವರಲ್ಲ; ಪೋರ್ಷೆಯ ಹೆಸರಾಂತ ನಾಲ್ಕು ಕ್ಯಾಮ್‌ಶಾಫ್ಟಿನ ರೇಸ್ ಎಂಜಿನ್ ಅವರದೇ ಕೈಚಳಕ. ಗಾಳಿಯ ಎಂಜಿನ್ನಿಗೆ ಭವಿಷ್ಯವಿಲ್ಲ ಎಂಬುದು ಆ ತಂತ್ರಜ್ಞನ ತೀರ್ಮಾನವಾಗಿತ್ತು. 1977ರಲ್ಲಿ ಬಂದ 928 ಕಾರಿನಲ್ಲಿ ಎಂಜಿನ್ ಮುಂದಿತ್ತು, ಸಿಲಿಂಡರುಗಳು ಎಂಟು, ತಣಿಸುವುದಕ್ಕೆ ನೀರು. 1978ರ ಸಾಲಿನ ಯೂರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯೂ ಅದಕ್ಕೆ ಸಂದಿತು. ಗಿರಾಕಿಗಳು ಮೆಚ್ಚಿದರು, ಹೊಗಳಿದರು, ಮತ್ತೆ 911ನ್ನೇ ಕೇಳಿದರು.

1981ರಲ್ಲಿ ಮುಖ್ಯಸ್ಥರಾಗಿ ಬಂದವರು ಪೀಟರ್ ಶುಟ್ಸ್. ಬರ್ಲಿನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ನಾಜಿಗಳಿಂದ ತಪ್ಪಿಸಿಕೊಂಡ ಯಹೂದಿ ಕುಟುಂಬದೊಂದಿಗೆ ಅಮೆರಿಕ ಸೇರಿದ್ದ ಎಂಜಿನಿಯರ್. ಮುಂದೆ ಅವರೇ ಹೇಳಿಕೊಂಡ ಪ್ರಸಂಗವೊಂದಿದೆ. ತಾಂತ್ರಿಕ ಮುಖ್ಯಸ್ಥ ಹೆಲ್ಮುತ್ ಬೋಟ್ ಅವರ ಕೊಠಡಿಯ ಗೋಡೆಯ ಮೇಲೆ ಒಂದು ನಕ್ಷೆ ತೂಗುತ್ತಿತ್ತು. ಯಾವ ಕಾರು ಎಷ್ಟು ವರ್ಷ ನಡೆಯಬೇಕೆಂದು ತೋರಿಸುವ ಗೆರೆಗಳಲ್ಲಿ ಉಳಿದವು ಮುಂದಕ್ಕೆ ಸಾಗಿದ್ದವು, 911ರ ಗೆರೆ ಮಾತ್ರ 1981ಕ್ಕೇ ನಿಂತಿತ್ತು. ಶುಟ್ಸ್ ಪೆನ್ನು ತೆಗೆದುಕೊಂಡು ಆ ಗೆರೆಯನ್ನು ಕಾಗದದ ಅಂಚಿನವರೆಗೂ ಎಳೆದರು. ಅಲ್ಲಿಗೆ ನಿಲ್ಲಿಸದೆ ಗೋಡೆಯ ಮೇಲೂ ಎಳೆದು, ಬಾಗಿಲಿನಿಂದ ಹೊರಗೂ ಒಯ್ದರಂತೆ. ಹೇಳುವವರ ಬಾಯಲ್ಲಿ ಕತೆ ಸ್ವಲ್ಪ ಬೆಳೆದಿರಲೂಬಹುದು. 911 ಉಳಿದದ್ದಂತೂ ಸತ್ಯ.

ಉಳಿದ ಕಾರೇ ಹತ್ತು ವರ್ಷಗಳ ಬಳಿಕ ಕಂಪನಿಗೆ ಹೊರೆಯಾಯಿತು. 1986ರಲ್ಲಿ ಐವತ್ತು ಸಾವಿರ ದಾಟಿದ್ದ ಪೋರ್ಷೆಯ ವಾರ್ಷಿಕ ಮಾರಾಟ 1993ರ ಹೊತ್ತಿಗೆ ಹದಿನಾಲ್ಕು ಸಾವಿರದ ಆಸುಪಾಸಿಗೆ ಕುಸಿದಿತ್ತು. ಡಾಲರಿನ ಬೆಲೆ ಇಳಿದು, ಅಮೆರಿಕದ ಮಾರುಕಟ್ಟೆಯನ್ನೇ ನೆಚ್ಚಿದ್ದ ಕಂಪನಿಗೆ ಪೆಟ್ಟು ಬಿದ್ದಿತ್ತು. ಕೈಕೆಲಸವೇ ಹೆಚ್ಚಾಗಿದ್ದ 911ನ್ನು ತಯಾರಿಸುವುದು ದುಬಾರಿಯಾಗಿತ್ತು. ದೊಡ್ಡ ಕಂಪನಿಯೊಂದು ನುಂಗಿಬಿಡುತ್ತದೆ ಎಂಬ ಮಾತು ಎಲ್ಲೆಡೆ ಕೇಳುತ್ತಿತ್ತು. ಈ ಹೊತ್ತಿನಲ್ಲಿ ಅಧಿಕಾರಕ್ಕೆ ಬಂದ ವೆಂಡೆಲಿನ್ ವೀಡೆಕಿಂಗ್, ಟೊಯೊಟಾ ಪದ್ಧತಿಯಲ್ಲಿ ನುರಿತ ಜಪಾನಿ ಸಲಹೆಗಾರರನ್ನು ಸ್ಟುಟ್‌ಗಾರ್ಟಿನ ಜುಫೆನ್‌ಹೌಸನ್ ಕಾರ್ಖಾನೆಗೆ ಕರೆಸಿದರು. ಅಲ್ಲಿ ಆಳೆತ್ತರಕ್ಕೂ ಮೀರಿದ ಕಪಾಟುಗಳ ತುಂಬ ವಾರಗಟ್ಟಲೆಗೆ ಸಾಕಾಗುವಷ್ಟು ಬಿಡಿಭಾಗಗಳು. ಸಲಹೆಗಾರರು ಮುಖ್ಯಸ್ಥರ ಕೈಗೇ ವಿದ್ಯುತ್ ಗರಗಸ ಕೊಟ್ಟು, ಕಪಾಟುಗಳ ಮೇಲರ್ಧವನ್ನು ಕೊಯ್ದುಹಾಕಲು ಹೇಳಿದರು. ವೀಡೆಕಿಂಗ್ ಕೊಯ್ದರು. ಇದನ್ನು ಕಾರ್ಖಾನೆ ನಿರ್ವಹಣೆಯ ಪಾಠಗಳಲ್ಲಿ ಇಂದಿಗೂ ಹೇಳುತ್ತಾರೆ.

1993ರ ಕೊನೆಗೆ ಬಂದ 993 ಇಂಥ ಸಂಕಟದ ಕೂಸು. ವಿಚಿತ್ರವೆಂದರೆ ಗಾಳಿಯ ಕಾರುಗಳಲ್ಲೆಲ್ಲ ಅತ್ಯಂತ ಪಕ್ವವಾದದ್ದೂ ಅದೇ. ಹಿಂಚಕ್ರಗಳ ತೂಗುವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ರಚಿಸಿ, ಬಾಲ ಬೀಸುವ ಹಳೆಯ ಚಾಳಿಯನ್ನು ಬಹುಪಾಲು ಬಿಡಿಸಲಾಗಿತ್ತು. 928 ಮತ್ತು 968 ಎರಡೂ 1995ರಲ್ಲಿ ನಿಂತಾಗ, ಮುಂದಿನ ವರ್ಷ ಬಾಕ್ಸ್‌ಟರ್ ಬರುವವರೆಗೆ ಪೋರ್ಷೆ ಅಂಗಡಿಯಲ್ಲಿ ಮಾರುವುದಕ್ಕೆ ಇದ್ದದ್ದು ಈ ಒಂದೇ ಕಾರು.

ಅಷ್ಟು ಒಳ್ಳೆಯದಿದ್ದರೆ ಬಿಟ್ಟದ್ದೇಕೆ? ಉತ್ತರ ಸಿಲಿಂಡರಿನ ತಲೆಯಲ್ಲಿದೆ. ಕಡಿಮೆ ಇಂಧನದಲ್ಲಿ ಹೆಚ್ಚು ಶಕ್ತಿ, ಶುದ್ಧವಾದ ಹೊಗೆ ಬೇಕೆಂದರೆ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದರೆ ಒಳಿತು. ನಾಲ್ಕು ವಾಲ್ವ್ ಒತ್ತೊತ್ತಾಗಿ ಕೂತ ಜಾಗದ ಬಿಸಿಯನ್ನು ಬರೀ ಗಾಳಿ ಎಳೆದುಕೊಳ್ಳಲಾರದು. ಮಾರಾಟಕ್ಕಿದ್ದ ಗಾಳಿಯ 911ಗಳೆಲ್ಲ ಕೊನೆಯವರೆಗೂ ಎರಡೇ ವಾಲ್ವಿನವಾಗಿ ಉಳಿದದ್ದು ಇದರಿಂದಲೇ. ಪೋರ್ಷೆಯ ಎಂಜಿನಿಯರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. 1986ರಲ್ಲಿ ಹೊರಬಂದ ಅವರ ಅದ್ಭುತ ಕಾರು 959ರಲ್ಲಿ ಸಿಲಿಂಡರುಗಳಿಗೆ ಗಾಳಿ, ಅವುಗಳ ತಲೆಗೆ ನೀರು ಎಂಬ ಏರ್ಪಾಡಿತ್ತು. ಇನ್ನೊಂದು ತೊಡಕು ಸದ್ದಿನದು. ನೀರಿನ ಹೊದಿಕೆ ಶಬ್ದವನ್ನೂ ನುಂಗುತ್ತದೆ. ಅದಿಲ್ಲದ ಎಂಜಿನ್ ಫ್ಯಾನಿನ ಮೊರೆತದೊಂದಿಗೆ ಎಲ್ಲವನ್ನೂ ಹೊರಗೆ ಕೇಳಿಸುತ್ತದೆ. ಯೂರೋಪಿನ ಶಬ್ದನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದವು. ಅಭಿಮಾನಿಗಳು ಸಂಗೀತವೆಂದು ಆಲಿಸುತ್ತಿದ್ದದ್ದನ್ನು ಕಾನೂನು ಗಲಾಟೆ ಎಂದು ಅಳೆಯುತ್ತಿತ್ತು.

ಅಂದಹಾಗೆ ‘ಗಾಳಿಯ ಎಂಜಿನ್’ ಎಂಬ ಹೆಸರೂ ಅರ್ಧ ಸತ್ಯವೇ. ಹಳೆಯ 911ರ ಒಡಲಲ್ಲಿ ಹತ್ತು ಲೀಟರಿಗೂ ಹೆಚ್ಚು ಎಣ್ಣೆ ಸುತ್ತುತ್ತಿತ್ತು. ತಣಿಸುವ ಕೆಲಸದಲ್ಲಿ ಅದರ ಪಾಲು ಸಣ್ಣದಲ್ಲ.

996ರಲ್ಲಿ ಎಲ್ಲವೂ ಬದಲಾಯಿತು. ಎಂಜಿನ್ 3.6 ಲೀಟರಿನಿಂದ 3.4 ಲೀಟರಿಗೆ ಇಳಿದರೂ ಶಕ್ತಿ 285ರಿಂದ 300 ಅಶ್ವಶಕ್ತಿಗೆ ಏರಿತು. ಕಾರಿನ ಉದ್ದ ಸುಮಾರು 18 ಸೆಂಟಿಮೀಟರ್ ಹೆಚ್ಚಿತು. ಒಳಗೆ ಕೂರುವ ಜಾಗವೂ ಬೆಳೆಯಿತು. ಖರ್ಚು ಉಳಿಸುವುದಕ್ಕೆ ಕಂಪನಿ ಹೂಡಿದ ಉಪಾಯ ದಿಟ್ಟವಾದದ್ದು. ಬೆಲೆಯಲ್ಲಿ ಸಾಕಷ್ಟು ಕಡಿಮೆಯಿದ್ದ ಬಾಕ್ಸ್‌ಟರ್ ಮತ್ತು 996ಗಳನ್ನು ಜೊತೆಯಲ್ಲೇ ರೂಪಿಸಿ, ಮೂತಿಯಿಂದ ಬಾಗಿಲಿನವರೆಗಿನ ಬಹುಭಾಗವನ್ನು ಎರಡಕ್ಕೂ ಒಂದೇ ಮಾಡಲಾಯಿತು. ಲೆಕ್ಕಪತ್ರದಲ್ಲಿ ಇದು ಜಾಣತನ. ಹೆಚ್ಚು ಹಣ ತೆತ್ತು 911 ಕೊಂಡವನಿಗೆ ಮಾತ್ರ, ಎದುರಿಗೆ ಬರುವ ಅಗ್ಗದ ಕಾರಿಗೂ ತನ್ನದೇ ಮುಖ ಇರುವುದನ್ನು ನೋಡುವಾಗ ಹೇಗಾಗಬೇಡ! ಆ ಮೊಟ್ಟೆ ದೀಪದ ಮೇಲಿನ ಸಿಟ್ಟಿನಲ್ಲಿ ಇದರ ಪಾಲೇ ದೊಡ್ಡದು. 2002ರ ಮಾದರಿಯಲ್ಲಿ ಕಂಪನಿ 911ಕ್ಕೆ ಬೇರೆ ದೀಪ ಕೊಟ್ಟಿತು. 2004ರಲ್ಲಿ ಬಂದ ಮುಂದಿನ ತಲೆಮಾರು 997ರಲ್ಲಿ ಕಣ್ಣು ಮತ್ತೆ ದುಂಡಗಾಯಿತು.

ಆದರೂ ಕಾರು ಮಾರಾಟವಾಯಿತು. 993 ಒಟ್ಟು ಸುಮಾರು 68 ಸಾವಿರ ತಯಾರಾಗಿದ್ದರೆ, 996 ಸುಮಾರು ಒಂದೂಮುಕ್ಕಾಲು ಲಕ್ಷ. ಬಾಕ್ಸ್‌ಟರ್ ಮತ್ತು ಬೈಸಿಕೊಂಡ ಈ ಕಾರು ಸೇರಿ ಕಂಪನಿಯನ್ನು ದಡ ಮುಟ್ಟಿಸಿದವು.

ಗುಣದೋಷದ ವಿಚಾರಕ್ಕೆ ಬಂದರೆ ಹೊಸದರಲ್ಲಿ ಒಂದು ನಿಜವಾದ ಹುಳುಕಿತ್ತು. ಎಂಜಿನ್ನಿನ ಒಳಗೆ ಕ್ಯಾಮ್‌ಶಾಫ್ಟುಗಳ ಸರಪಳಿಯನ್ನು ನಡೆಸುವ ಒಂದು ನಡುದಂಡವಿದೆ. ಅದರ ತುದಿಯ ಬೇರಿಂಗ್ ಕೆಲವು ಕಾರುಗಳಲ್ಲಿ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು. ಅದು ಒಡೆದರೆ ಸರಪಳಿಯ ತಾಳ ತಪ್ಪಿ ವಾಲ್ವುಗಳಿಗೆ ಪಿಸ್ಟನ್ ಬಡಿದು ಇಡೀ ಎಂಜಿನ್ ಹಾಳು. ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಮೊಕದ್ದಮೆ ಹೂಡಿ, 2001ರಿಂದ 2005ರವರೆಗಿನ ಮಾದರಿಗಳಿಗೆ ಸಂಬಂಧಿಸಿದಂತೆ 2013ರಲ್ಲಿ ಅದು ರಾಜಿಯಲ್ಲಿ ಇತ್ಯರ್ಥವಾಯಿತು. ಇದೇ ಪೀಳಿಗೆಯ ಟರ್ಬೊ ಮತ್ತು ಜಿಟಿ3 ಕಾರುಗಳಿಗೆ ಈ ಕಾಟವಿಲ್ಲ. ಅವುಗಳ ಎಂಜಿನ್ ಬೇರೆ; ನೀರಿನಿಂದ ತಣಿದರೂ ಅದರ ಮೂಳೆಗೂಡು ಹಾನ್ಸ್ ಮೆಟ್ಜ್‌ಗರ್ ಎಂಬ ಹಳೆಯ ತಲೆಮಾರಿನ ಎಂಜಿನಿಯರರ ಗಾಳಿಯ ಎಂಜಿನ್ನಿನದೇ. ಹೊಸದರಲ್ಲಿ ಜನ ಹೆಚ್ಚು ನಂಬಿದ್ದು ಹಳೆಯದರ ಅಂಶವನ್ನೇ ಎಂದಾಯಿತು.

ಹಾಗೆಂದು ಹಳೆಯದು ನಿರ್ದೋಷಿಯಲ್ಲ. 993ರಲ್ಲಿ ವಾಲ್ವಿನ ಗೈಡುಗಳು ಸವೆಯುತ್ತವೆ, ತಲೆಯೊಳಗಿನ ಕಿರಿದಾದ ಗಾಳಿದಾರಿಗಳು ಮಸಿ ಕಟ್ಟುತ್ತವೆ, ಗಾಜಿನ ಅಂಚಿನಲ್ಲಿ ತುಕ್ಕು ಹಿಡಿಯುತ್ತದೆ. ಇವೆಲ್ಲ ನಿಧಾನವಾಗಿ ಬರುವ ಕಾಯಿಲೆಗಳು. ಮೊದಲೇ ತಿಳಿಯುತ್ತವೆ, ದುಡ್ಡಿದ್ದರೆ ವಾಸಿಯೂ ಆಗುತ್ತವೆ. ಹೊಸದರದು ಹೃದಯಾಘಾತದ ಬಗೆ. ಹೆಚ್ಚಿನವರಿಗೆ ಬರುವುದಿಲ್ಲ, ಬಂದರೆ ಉಳಿಸುವುದು ಕಷ್ಟ. ಬೇರಿಂಗನ್ನು ಮೊದಲೇ ಬದಲಿಸಿ, ದಿನನಿತ್ಯ ಓಡಿಸುವುದಕ್ಕೆ ಒಂದು 911 ಬೇಕೆನ್ನುವವನಿಗೆ 996 ಸೋವಿ ಬೆಲೆಯ ಒಳ್ಳೆಯ ಕಾರು. ವೇಗದಲ್ಲಿ, ಬ್ರೇಕಿನಲ್ಲಿ, ಚಳಿಗಾಲದ ಮುಂಜಾನೆ ಬೆಚ್ಚಗೆ ಕೂರುವ ಸುಖದಲ್ಲಿ ಅದು ಹಿಂದಿನದಕ್ಕಿಂತ ಕಡಿಮೆಯಿಲ್ಲ. 993 ಕೊಳ್ಳುವವನು ಹಣ ಕೊಡುವುದು ಹೆಚ್ಚಿನ ವೇಗಕ್ಕಲ್ಲ. ನೆಟ್ಟಗೆ ನಿಂತ ಮುಂಗಾಜು, ದಪ್ಪ ಬಾಗಿಲು ಮುಚ್ಚುವಾಗಿನ ಸದ್ದು, ಬೆನ್ನ ಹಿಂದಿನ ಫ್ಯಾನಿನ ಮೊರೆತ ಇವುಗಳಿಗೆ; ಜೊತೆಗೆ ಇನ್ನು ಮುಂದೆ ಇಂಥದು ಹುಟ್ಟುವುದಿಲ್ಲ ಎಂಬ ಅರಿವಿಗೆ. 

ಈ ಅರಿವಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಬೆರಗು ಹುಟ್ಟಿಸುವಂಥದು. ಸುಸ್ಥಿತಿಯ 993ಗಳು ಹೊಸದಾಗಿದ್ದಾಗಿನ ಬೆಲೆಯನ್ನೂ ಮೀರಿ ಹೋದವು; 996 ಮಾತ್ರ 911ಗಳಲ್ಲೇ ಅಗ್ಗದ್ದು ಎಂಬ ಹೆಸರನ್ನು ಬಹುಕಾಲ ಹೊತ್ತುಕೊಂಡಿತು. ಹೊಸ ಕಾರು ಗೆಲ್ಲದೆ ಕಂಪನಿ ಮುಳುಗಿದ್ದರೆ ಹಳೆಯದಕ್ಕೆ ಬಿಡಿಭಾಗ ಒದಗಿಸುವವರು ಯಾರಿರುತ್ತಿದ್ದರು ಎಂದು ಬೆಲೆ ಕೂಗುವವರು ಯೋಚಿಸುವುದಿಲ್ಲ.

2018ರಲ್ಲಿ ಕಂಪನಿಯೇ ಈ ಮೋಹಕ್ಕೆ ಒಂದು ರೂಪ ಕೊಟ್ಟಿತು. ಬಳಕೆಯಾಗದೆ ಉಳಿದಿದ್ದ 993ರ ಒಂದು ಲೋಹದ ಒಡಲನ್ನು ಹುಡುಕಿ ತೆಗೆದು, ತಯಾರಿಕೆ ನಿಂತ ಇಪ್ಪತ್ತು ವರ್ಷಗಳ ಬಳಿಕ, ಗಾಳಿಯ ಎಂಜಿನ್ನಿನ ಒಂದು ಟರ್ಬೊ ಕಾರನ್ನು ಹೊಸದಾಗಿ ಕಟ್ಟಿತು. ಬಣ್ಣ ಬಂಗಾರದ್ದು. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹರಾಜಾದಾಗ ಅದಕ್ಕೆ ಬಂದದ್ದು 30 ಲಕ್ಷ ಡಾಲರಿಗೂ ಹೆಚ್ಚು; ಆ ಹಣ ಪೋರ್ಷೆಯದೇ ಧರ್ಮಾರ್ಥ ಪ್ರತಿಷ್ಠಾನಕ್ಕೆ ಹೋಯಿತು. ಇಂದಿನ ನಿಯಮಗಳ ಪ್ರಕಾರ ಆ ಕಾರನ್ನು ನೋಂದಾಯಿಸುವಂತಿರಲಿಲ್ಲ. ಕೊಂಡವರು ಅದನ್ನು ಖಾಸಗಿ ರೇಸ್ ಅಂಗಳದಲ್ಲಿ ಓಡಿಸಬಹುದಿತ್ತು, ಊರಿನ ರಸ್ತೆಗೆ ಇಳಿಸುವಂತಿರಲಿಲ್ಲ.