ಕಷ್ಟದ ಕಾದಂಬರಿ

ಕಾಲೇಜಿನಲ್ಲಿ ಕಾದಂಬರಿಯ ಪಾಠ ಹೇಳುವುದೆಂದರೆ ಒಂದು ವಿಚಿತ್ರ ವ್ಯವಹಾರ. ಪಂಪನ ಪದ್ಯವಾದರೆ ಅನ್ವಯ ಮಾಡಿ, ಸಂಧಿ ಬಿಡಿಸಿ, ಅಲಂಕಾರವನ್ನು ಹೆಸರಿಸಿ ಒಂದು ಪೀರಿಯಡ್ಡನ್ನು ಗೌರವವಾಗಿ ಕಳೆಯಬಹುದು. ಕಾದಂಬರಿಯಲ್ಲಿ ಬಿಡಿಸುವುದಕ್ಕೆ ಸಂಧಿಯಿಲ್ಲ. ಕಥೆ ಹೇಳಿಬಿಟ್ಟರೆ ಹುಡುಗರು ಪುಸ್ತಕ ಕೊಳ್ಳುವುದಿಲ್ಲ. ಹೇಳದಿದ್ದರೆ ನಮಗೇ ಮಾತಿಲ್ಲ. ಹೀಗಾಗಿ ನಾವು ಮೇಷ್ಟ್ರುಗಳು ‘ಪಾತ್ರಚಿತ್ರಣ’, ‘ಸಾಮಾಜಿಕ ಪ್ರಜ್ಞೆ’ ಎಂಬ ಎರಡು ಊರುಗೋಲುಗಳನ್ನು ಹಿಡಿದು ವರ್ಷವನ್ನು ದಾಟುತ್ತೇವೆ.

ಕೆಲವು ವರ್ಷಗಳ ಹಿಂದೆ, ಈ ಊರುಗೋಲುಗಳ ಮೇಲೆ ನನಗೇ ಬೇಸರ ಬಂದು, ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿದೆ. ಓದಿದ ಪ್ರತಿಯೊಂದು ಕಾದಂಬರಿಯ ಬಗ್ಗೆಯೂ ಒಂದೊಂದು ಪುಟ ಬರೆಯಬೇಕು. ಅದರಲ್ಲಿ ಏನು ಕಷ್ಟವಾಯಿತೋ ಅದನ್ನು ಮಾತ್ರ ಬರೆಯಬೇಕು. ಗೈಡಿನಿಂದ ಇಳಿಸಿದರೆ ನನಗೆ ಗೊತ್ತಾಗುತ್ತದೆ ಎಂದೂ ಎಚ್ಚರಿಸಿದೆ. ಅಂಥ ಗೈಡುಗಳನ್ನು ಓದಿಯೇ ನಾನೂ ಎಂ.ಎ. ಪಾಸು ಮಾಡಿದವನು.

ಪುಸ್ತಕಗಳು ಬಂದುವು. ಬಹಳ ಮಂದಿಯ ಕಷ್ಟ ಒಂದೇ: ಪುಟ ಹೆಚ್ಚು, ಪಾತ್ರ ಹೆಚ್ಚು. ‘ಮಲೆಗಳಲ್ಲಿ ಮದುಮಗಳು’ ಓದತೊಡಗಿದ ಒಬ್ಬ ಹುಡುಗ ನೂರನೆಯ ಪುಟದ ಹೊತ್ತಿಗೆ ಮನೆಮನೆಯ ಹೆಸರುಗಳನ್ನು ಪಡಿತರ ಚೀಟಿಯಂತೆ ಪಟ್ಟಿ ಮಾಡಿಕೊಂಡಿದ್ದ. ಅವನ ಶ್ರದ್ಧೆಗೆ ಮೆಚ್ಚಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ನೋಟುಪುಸ್ತಕ. ಬರೆದವಳು ನಂಜನಗೂಡಿನ ಕಡೆಯ ಒಂದು ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ. ತರಗತಿಯಲ್ಲಿ ಹಾಜರಿ ಹೇಳುವುದಕ್ಕಲ್ಲದೆ ಬಾಯಿ ತೆರೆದವಳಲ್ಲ.

ಮೊದಲನೆಯ ಪುಟ ‘ಇಂದಿರಾಬಾಯಿ’ಯ ಮೇಲೆ. ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ಈ ಪುಸ್ತಕವನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವೆಲ್ಲ ಪಾಠ ಹೇಳುತ್ತೇವೆ. ಬಾಲವಿಧವೆಯೊಬ್ಬಳು ಕಟ್ಟುಪಾಡನ್ನು ಮುರಿದು ಓದು ಕಲಿತು ಮರುಮದುವೆಯಾದಳೆಂಬುದು ಅದರ ಕ್ರಾಂತಿ. ಆ ಹುಡುಗಿಗೆ ಕಷ್ಟವಾದದ್ದು ಆ ಕಾಲದ ಭಾಷೆಯಲ್ಲ, ಈ ಕ್ರಾಂತಿಯೇ. ಅವಳು ಬರೆದಿದ್ದಳು: “ಗಂಡ ಸತ್ತವಳು ಇನ್ನೊಂದು ಮದುವೆಯಾದರೆ ಅದರಲ್ಲಿ ಇಷ್ಟು ಗಾಬರಿ ಏಕೆಂದು ನನಗೆ ತಿಳಿಯಲಿಲ್ಲ. ನಮ್ಮ ಅಜ್ಜಿ ಕೂಡಾವಳಿ ಆದವಳು. ಅವಳ ಅಕ್ಕನೂ ಹಾಗೆಯೇ. ಯಾರೂ ಪುಸ್ತಕ ಬರೆಯಲಿಲ್ಲ.”

ಓದಿ ನಕ್ಕೆ, ನಕ್ಕ ಮೇಲೆ ಯೋಚನೆ ಹತ್ತಿತು. ಕೂಡಾವಳಿ, ಉಡಿಕೆ ಎಂಬ ಹೆಸರುಗಳಲ್ಲಿ ವಿಧವೆಯ ಮರುಮದುವೆ ನಾಡಿನ ಎಷ್ಟೋ ಜಾತಿಗಳಲ್ಲಿ ತಲೆತಲಾಂತರದಿಂದ ನಡೆದು ಬಂದದ್ದೇ. ಹತ್ತೊಂಬತ್ತನೆಯ ಶತಮಾನದ ಸುಧಾರಕರಿಗೆ ಬೆಟ್ಟದಂತೆ ಕಂಡದ್ದು ಮೇಲುಜಾತಿಯ ಮನೆಗಳ ಹೊಸ್ತಿಲು; ಕಾದಂಬರಿ ಹುಟ್ಟಿದ್ದೂ ಆ ಹೊಸ್ತಿಲಿನ ಒಳಗೆ. ಇದರಿಂದ ಗುಲ್ವಾಡಿಯವರ ಧೈರ್ಯವೇನೂ ಕಡಿಮೆಯಾಗುವುದಿಲ್ಲ. ತಮ್ಮವರ ನಡುವೆಯೇ ನಿಂತು ತಮ್ಮವರ ಕಪಟವನ್ನು ಬಯಲಿಗೆಳೆಯುವುದು ಅಂದಿಗೆ ಸಣ್ಣ ಮಾತಲ್ಲ. ಆದರೆ ‘ಆ ಕಾಲದ ಸಮಾಜ’ ಎಂದು ನಾನು ವರ್ಷ ವರ್ಷವೂ ಹೇಳುತ್ತಿದ್ದೆನಲ್ಲ, ಅದು ಯಾರ ಸಮಾಜವೆಂದು ಒಬ್ಬರೂ ಕೇಳಿರಲಿಲ್ಲ. ಕೇಳಬೇಕಾದವರು ಬೆಂಚಿನ ಮೇಲೆ ಇರಲಿಲ್ಲವೋ, ಇದ್ದೂ ಸುಮ್ಮನಿದ್ದರೋ!

ಬೆಂಚಿನ ಕಥೆಯನ್ನೂ ಇಲ್ಲಿ ಸ್ವಲ್ಪ ನೆನೆಯಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ಅಂದು ಸಾಹಿತ್ಯದ ಅಭ್ಯಾಸವೆಂದರೆ ಮುಖ್ಯವಾಗಿ ಹಳಗನ್ನಡ, ಛಂದಸ್ಸು, ವ್ಯಾಕರಣ. ಕಾದಂಬರಿ ಮನೆಯಲ್ಲಿ ಊಟವಾದ ಮೇಲೆ ಓದುವ ವಸ್ತು. ಆ ಮೊದಲ ತಂಡದಲ್ಲಿಯೇ ಓದಿದ ಕುವೆಂಪು 1936ರಲ್ಲಿ ‘ಕಾನೂರು ಹೆಗ್ಗಡಿತಿ’ಯನ್ನು ಕೊಟ್ಟು, ಊಟದ ನಂತರದ ಓದನ್ನು ನಿದ್ದೆಗೆಡಿಸುವ ಓದನ್ನಾಗಿ ಮಾಡಿದರು. ಅಷ್ಟು ಹೊತ್ತಿಗೆ ಕಾರಂತರ ‘ಚೋಮನ ದುಡಿ’ ಬಂದು ಮೂರು ವರ್ಷವಾಗಿತ್ತು. ಮುಂದೆ ಅ.ನ.ಕೃ., ತ.ರಾ.ಸು., ತ್ರಿವೇಣಿ ಮೊದಲಾದವರ ಪುಸ್ತಕಗಳು ದಿನಬಾಡಿಗೆಯ ವಾಚನಾಲಯಗಳಿಂದ ಮನೆಮನೆಗೆ ಹೊಕ್ಕುವು. ಬೆಂಚಿನ ಮೇಲೆ ಯಾರು ಕೂರಬೇಕೆಂಬ ಪ್ರಶ್ನೆ ಮಾತ್ರ ನಿಧಾನವಾಗಿ ಸಾಗಿತು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲಿ. ಇವೆರಡರ ನಡುವೆ ಐವತ್ತಕ್ಕೂ ಹೆಚ್ಚು ವರ್ಷ.

ಹುಡುಗಿಯ ಎರಡನೆಯ ಪುಟ ‘ಚೋಮನ ದುಡಿ’. ಈ ಕಾದಂಬರಿ ಪಾಠವಾಗುವಾಗ ತರಗತಿಯಲ್ಲಿ ಸಾಮಾನ್ಯವಾಗಿ ಒಂದಿಬ್ಬರ ಕಣ್ಣಾದರೂ ಒದ್ದೆಯಾಗುತ್ತದೆ. ಬೇಸಾಯ ಮಾಡಬೇಕೆಂಬ ಒಂದೇ ಆಸೆ, ಕಾಡಿನಲ್ಲಿ ಸಿಕ್ಕಿದ ಒಂದು ಜೊತೆ ಎತ್ತು, ಕಾಫಿತೋಟದ ಸಾಲ, ಕಣ್ಣೆದುರಿಗೇ ನೀರಿನಲ್ಲಿ ಮುಳುಗಿದರೂ ಮುಟ್ಟಿ ಎತ್ತುವವರಿಲ್ಲದ ಮಗು. ಇಷ್ಟಾದ ಮೇಲೂ ಅಳದವನು ಕಲ್ಲೇ ಸರಿ. ಅವಳು ಅತ್ತಿರಲಿಲ್ಲ, ಸಿಟ್ಟಾಗಿದ್ದಳು. ಮತಾಂತರಕ್ಕೆಂದು ಹೊರಟ ಚೋಮನನ್ನು ದೈವದ ಗುಡಿಯ ಬಳಿಯಿಂದ ಹಿಂದಿರುಗಿಸಿದ್ದೇಕೆ? ಒಳಗೆ ಬಾಗಿಲು ಹಾಕಿಕೊಂಡು ದುಡಿ ಬಡಿದು ಸಾಯುವುದಲ್ಲದೆ ಅವನಿಗೆ ಬೇರೆ ದಾರಿಯೇ ಇರಲಿಲ್ಲವೆ? “ಅವನು ಸತ್ತದ್ದರಿಂದ ಓದುವವರಿಗೆ ಅನುಕೂಲವಾಯಿತು” ಎಂದು ಬರೆದು, ಆ ಮಾತು ಹೆಚ್ಚಾಯಿತೆಂದೋ ಏನೋ, ಅರ್ಧ ಹೊಡೆದುಹಾಕಿದ್ದಳು.

ಕಾರಂತರ ಮೇಲೆ ಈ ಆರೋಪವನ್ನು ನಾನು ಪೂರ್ತಿ ಒಪ್ಪಲಾರೆ. ಪೂನಾ ಒಪ್ಪಂದವಾದದ್ದು 1932ರ ಸೆಪ್ಟೆಂಬರಿನಲ್ಲಿ. ಕಾದಂಬರಿ ಬಂದದ್ದು 1933ರಲ್ಲಿ. ಇಡೀ ದೇಶ ದೇವಾಲಯ ಪ್ರವೇಶದ ಮಾತಾಡುತ್ತಿದ್ದಾಗ ಅವರು ಚೋಮನ ಬಾಯಲ್ಲಿ ಗುಡಿಯ ಬೇಡಿಕೆ ಇಡಲಿಲ್ಲ, ಗದ್ದೆಯ ಬೇಡಿಕೆ ಇಟ್ಟರು. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿಯ ಆಚಾರ ಕರಗಲಿಲ್ಲವೆಂಬುದನ್ನು ಕಂಡರು. ಅದು ಮುಂಗಾಣ್ಕೆಯೇ. ಆದರೆ ಹುಡುಗಿಯ ಪುಟದ ಕೊನೆಯಲ್ಲಿ ಇನ್ನೊಂದು ಲೆಕ್ಕವಿತ್ತು. ಕರ್ನಾಟಕದ ಭೂಸುಧಾರಣೆಯ ಕಾನೂನು 1974ರಲ್ಲಿ ತಿದ್ದುಪಡಿಯಾಗಿ ಉಳುವವನಿಗೆ ಹೊಲ ಸಿಕ್ಕಿತೆಂದು ನಾನು ಪಾಠದಲ್ಲಿ ಹೆಮ್ಮೆಯಿಂದ ಹೇಳಿದ್ದೆ. ಅವಳ ಪ್ರಶ್ನೆ: “ಹೊಲ ಸಿಕ್ಕಿದ್ದು ಗೇಣಿದಾರನಿಗೆ. ಚೋಮ ಗೇಣಿದಾರನಲ್ಲವಲ್ಲ?” ಅಲ್ಲ. ಅವನು ಕೂಲಿಯಾಳು, ಸಾಲಕ್ಕೆ ಮಕ್ಕಳನ್ನು ತೋಟಕ್ಕೆ ಕಳಿಸಿದವನು. ನಲವತ್ತೊಂದು ವರ್ಷ ಕಾದು ಕುಳಿತಿದ್ದರೂ ಆ ಕಾನೂನಿನ ಕೆಳಗೆ ಅವನು ಅರ್ಜಿ ಹಾಕುವಂತಿರಲಿಲ್ಲ.

ಇನ್ನು ‘ಸಂಸ್ಕಾರ’. ನನ್ನ ವೃತ್ತಿಯ ಗರ್ವ ಮುರಿದದ್ದು ಇಲ್ಲಿ. ಅನಂತಮೂರ್ತಿಯವರ ಈ ಕಾದಂಬರಿ 1965ರಲ್ಲಿ ಪ್ರಕಟವಾದಾಗ ಎದ್ದ ಧೂಳು ಹಿರಿಯರಿಗೆ ನೆನಪಿರಬಹುದು. ಅದರ ಚಲನಚಿತ್ರವನ್ನು ಮೊದಲು ಸೆನ್ಸಾರಿನವರು ತಡೆದರು. ತಡೆ ತೆರವಾದ ಮೇಲೆ ಅದೇ ಚಿತ್ರಕ್ಕೆ 1970ರ ಸ್ವರ್ಣಕಮಲ ಬಂತು. ತರಗತಿಯಲ್ಲಿ ಇದಕ್ಕಿಂತ ಅನುಕೂಲವಾದ ಕಾದಂಬರಿ ಇನ್ನೊಂದಿಲ್ಲ. ನಾರಣಪ್ಪನ ಹೆಣ ಅಗ್ರಹಾರದಲ್ಲಿದೆ. ಸಂಸ್ಕಾರ ಯಾರು ಮಾಡಬೇಕು? ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯನ್ನು ಕೇಳುತ್ತಾರೆ, ಕೊನೆಗೆ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಒಂದು ಹೆಣವನ್ನಿಟ್ಟುಕೊಂಡು ಎಂಟು ಪೀರಿಯಡ್ಡು ಪಾಠ ಮಾಡಬಹುದು, ನಾನು ಮಾಡಿದ್ದೇನೆ. ಹುಡುಗರು ಕೇಳುವ ಪ್ರಶ್ನೆಯೂ ಪ್ರತಿ ವರ್ಷ ಒಂದೇ: “ಕೊನೆಗೆ ಏನಾಯಿತು ಸಾರ್? ಆಚಾರ್ಯರು ಅಗ್ರಹಾರಕ್ಕೆ ಹೋಗಿ ಹೇಳಿದರೆ?” ಲೇಖಕರೇ ಹೇಳದಿದ್ದದ್ದನ್ನು ನಾನು ಹೇಗೆ ಹೇಳಲಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಆ ಹುಡುಗಿ ಕೊನೆಯನ್ನು ಕೇಳಿರಲಿಲ್ಲ. ಅವಳ ಪುಟದಲ್ಲಿದ್ದದ್ದು ಹೀಗೆ: “ಇದೇ ಕಾದಂಬರಿಯಲ್ಲಿ ಹೊಲಗೇರಿಯಲ್ಲೂ ಜನ ಸಾಯುತ್ತಾರೆ. ಗುಡಿಸಲಿನ ಸಮೇತ ಸುಟ್ಟುಬಿಡುತ್ತಾರೆ. ಅದು ಕೆಲವೇ ಸಾಲು. ಅವರ ಸಂಸ್ಕಾರ ಯಾರು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಪಾಠದಲ್ಲಿಯೂ ಬರಲಿಲ್ಲ. ನನಗೆ ಮಾತ್ರ ಕಂಡಿತೋ ಎಂದು ಎರಡು ಸಲ ಓದಿದೆ.”

ಪುಸ್ತಕ ತೆಗೆದು ನೋಡಿದೆ. ಇತ್ತು. ಅಂಚಿನ ತುಂಬ ನನ್ನದೇ ಪೆನ್ಸಿಲ್ ಗುರುತುಗಳಿದ್ದ ಆ ಪ್ರತಿಯಲ್ಲಿ ಆ ಸಾಲುಗಳ ಪಕ್ಕ ಮಾತ್ರ ಕಾಗದ ಬೆಳ್ಳಗಿತ್ತು. ಅಷ್ಟು ವರ್ಷ ಪಾಠ ಹೇಳಿದವನು, ಎಷ್ಟೋ ಸಲ ಆ ಗುಡಿಸಲಿನ ಬೆಂಕಿಯನ್ನು ದಾಟಿ ಆಚಾರ್ಯರ ಧರ್ಮಸಂಕಟದ ಕಡೆಗೆ ಓಡಿದ್ದೆ. ಅನಂತಮೂರ್ತಿಯವರು ಅದನ್ನು ಸುಮ್ಮನೆ ಇಟ್ಟಿರಲಾರರು. ಒಂದು ಹೆಣ ಕದಲದೆ ಕಂಗೆಡಿಸುವಾಗ ಪಕ್ಕದ ಕೇರಿಯಲ್ಲಿ ಹೆಣಗಳು ಸದ್ದಿಲ್ಲದೆ ಬೂದಿಯಾಗುತ್ತವೆಂಬುದು ಕಥೆಯ ರಚನೆಯಲ್ಲಿಯೇ ಇದೆ. ಬರೆದವರಿಗೆ ಕಂಡದ್ದು ಪಾಠ ಮಾಡಿದವನಿಗೆ ಕಾಣಲಿಲ್ಲ, ಅಷ್ಟೆ.

ಸಾಹಿತ್ಯದ ಬಗ್ಗೆ ವಿದ್ಯಾರ್ಥಿಗಳು ಬೀದಿಗೇ ಇಳಿದ ಒಂದು ಕಾಲವೂ ನಮ್ಮಲ್ಲಿತ್ತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಕಾಲೇಜುಗಳು ಕುದಿದುವು, ಗಲಭೆಗಳಾದುವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಮಾತು ಒರಟು, ಸಂದೇಹವಿಲ್ಲ. ಆದರೆ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಗಲಭೆ ಮಾಡಿದವರಲ್ಲ, ದೇವನೂರ ಮಹಾದೇವರಂಥವರು. ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

‘ಕುಸುಮಬಾಲೆ’ಯೆಂದರೆ ನಗರದ ವಿದ್ಯಾರ್ಥಿಗಳಿಗೆ ಸಿಂಹಸ್ವಪ್ನ. ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಿಸಬೇಕೆಂಬ ಹಾಸ್ಯ ನಾನು ಎಂ.ಎ. ಓದುವಾಗಲೇ ಹಳತಾಗಿತ್ತು, ನಾನೂ ಅದಕ್ಕೆ ನಕ್ಕಿದ್ದೇನೆ. ಆ ಸೀಮೆಯ ಆಡುಮಾತು, ಕಥೆಯೋ ಹಾಡೋ ಎನ್ನುವಂಥ ನಡಿಗೆ, ರಾತ್ರಿ ದೀಪ ಆರಿದ ಮೇಲೆ ಒಂದೆಡೆ ಸೇರಿ ಮನೆಮನೆಯ ಸುದ್ದಿ ಹೇಳಿಕೊಳ್ಳುವ ಜೋತಮ್ಮಂದಿರು. “ದೀಪ ಮಾತಾಡುವುದೆಂದರೇನು ಸಾರ್?” ಎಂದು ಹುಡುಗರು ತಕರಾರು ತೆಗೆದರು. ತಮಾಷೆಯೆಂದರೆ, ಅವರೇ ಹಿಂದಿನ ವರ್ಷ ಕಾರ್ನಾಡರ ‘ನಾಗಮಂಡಲ’ವನ್ನು ಆಡಿದ್ದರು. ಅದರಲ್ಲಿಯೂ ದೀಪಗಳು ಪಾಳುಗುಡಿಯಲ್ಲಿ ಕೂಡಿ ಮಾತಾಡುತ್ತವೆ. ಅದೂ ನಮ್ಮ ಅಜ್ಜಿಯರ ಕಥೆಯಿಂದಲೇ ಬಂದದ್ದು. ರಂಗದ ಮೇಲೆ ಅಚ್ಚಗನ್ನಡದಲ್ಲಿ ಮಾತಾಡಿದ ದೀಪ ಅರ್ಥವಾಗಿತ್ತು. ಚಾಮರಾಜನಗರ, ನಂಜನಗೂಡಿನ ಕನ್ನಡದಲ್ಲಿ ಮಾತಾಡಿದ ದೀಪ ಅರ್ಥವಾಗಲಿಲ್ಲ!

ಆಗ ನನಗೆ ಒಂದು ಉಪಾಯ ಹೊಳೆಯಿತು. ಆ ಹುಡುಗಿಯನ್ನು ಎಬ್ಬಿಸಿ ಎರಡು ಪುಟ ಗಟ್ಟಿಯಾಗಿ ಓದೆಂದೆ. ಮೊದಲ ಸಾಲಿಗೆ ಎಲ್ಲೋ ಒಬ್ಬ ಕಿಸಕ್ಕೆಂದ. ಐದಾರು ಸಾಲು ಕಳೆಯುವಷ್ಟರಲ್ಲಿ ಕೊಠಡಿ ನಿಶ್ಶಬ್ದವಾಯಿತು. ಪುಟದ ಮೇಲೆ ತೊಡಕಾಗಿದ್ದ ವಾಕ್ಯಗಳು ಅವಳ ಬಾಯಲ್ಲಿ ತಾವಾಗಿಯೇ ಬಿಡಿಸಿಕೊಂಡುವು. ನಿಲ್ಲಬೇಕಾದಲ್ಲಿ ನಿಂತಳು, ಏರಬೇಕಾದಲ್ಲಿ ಏರಿದಳು. ಅರ್ಥ ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಗಂಟೆ ಹೊಡೆದಾಗ ನಾನು, ಏನೋ ಸಂಶೋಧನೆ ಮಾಡಿದವನಂತೆ, ಬೀಗುತ್ತ ಹೊರಗೆ ಬಂದೆ.

ಮರುದಿನ ಅವಳು ತರಗತಿಗೆ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ನೋಟುಪುಸ್ತಕದಲ್ಲಿ ‘ಕುಸುಮಬಾಲೆ’ ಎಂಬ ತಲೆಬರಹದ ಕೆಳಗೆ ಪುಟ ಖಾಲಿಯಿತ್ತು. ವರಾಂಡದಲ್ಲಿ ಸಿಕ್ಕಿದಾಗ ಕೇಳಿದೆ:

“ಯಾಕಮ್ಮ, ಕ್ಲಾಸಿಗೆ ಬರಲಿಲ್ಲ?”

“ಬರ್ತೀನಿ ಸಾರ್. ಅದನ್ನ ಓದು ಅಂತ ಮಾತ್ರ ಹೇಳ್ಬೇಡಿ.”

“ಎಷ್ಟು ಚೆನ್ನಾಗಿ ಓದಿದೆ! ನಿನಗೆ ಅದು ಸುಲಭ ಅಲ್ಲವೆ?”

“ಮಾತು ಸುಲಭ ಸಾರ್.” ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಚೆನ್ನನಂಗೆ ನಮ್ಮೂರಲ್ಲೂ ಒಬ್ಬ ಇದ್ದ. ಕಾಲೇಜಿಗೆ ಹೋಗ್ತಿದ್ದ.”

ಕಾದಂಬರಿ ಓದಿದವರಿಗೆ ಚೆನ್ನ ಯಾರೆಂದು ಹೇಳಬೇಕಾಗಿಲ್ಲ. ಓದದವರಿಗೆ ಇಷ್ಟು ಸಾಕು: ಓದು ಕಲಿತ ದಲಿತರ ಹುಡುಗ, ಮೇಲುಜಾತಿಯ ಜಮೀನುದಾರರ ಮನೆಯ ಕುಸುಮಳಿಗೂ ಅವನಿಗೂ ಪ್ರೀತಿ, ಅವನ ಕೊಲೆಯಾಗುತ್ತದೆ. ತರಗತಿಯ ನಡುವೆ ಎದ್ದು ನಿಲ್ಲಿಸಿ ನಾನು ಓದಿಸಿದ್ದು ಇದನ್ನು, ಮಾತಿನ ಸೊಗಡಿಗಾಗಿ. ಕ್ಷಮಿಸು ಎನ್ನಬೇಕೆನಿಸಿತು, ಮೇಷ್ಟ್ರ ಬಾಯಿಗೆ ಆ ಮಾತು ಬೇಗ ಬರುವುದಿಲ್ಲ. “ಸರಿ, ಹೋಗು” ಎಂದೆ.

ಆ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ‘ಕುಸುಮಬಾಲೆಯ ಭಾಷೆಯ ವೈಶಿಷ್ಟ್ಯವನ್ನು ಕುರಿತು ಪ್ರಬಂಧ ಬರೆಯಿರಿ, ಅಥವಾ ಇಂದಿರಾಬಾಯಿಯಲ್ಲಿನ ಸಾಮಾಜಿಕ ಸುಧಾರಣೆಯನ್ನು ವಿವರಿಸಿ’ ಎಂದು ಬಂತು. ಪರೀಕ್ಷೆ ಮುಗಿಸಿ ಅವಳು ಹೊರಗೆ ಬರುತ್ತಿದ್ದಾಗ ಎದುರಾದೆ. ಯಾವುದು ಬರೆದೆ ಎಂದೆ.

“ಇಂದಿರಾಬಾಯಿ ಸಾರ್.”

“ನಿಮ್ಮ ಅಜ್ಜಿಯ ಕೂಡಾವಳಿ ವಿಷಯ ಸೇರಿಸಿದೆಯಾ?”

ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. “ಇಲ್ಲ ಸಾರ್, ಗೈಡಲ್ಲಿ ಇದ್ದದ್ದೇ ಬರೆದೆ. ಮಾರ್ಕ್ಸು ಬೇಕಲ್ಲ?”