ಹಳಿ, ಬಸ್ಸು, ಬಾಡಿಗೆ ಕೋಣೆ: ಅಮೆರಿಕದ ಬಿಗ್ ಬ್ಯಾಂಡ್‌ಗಳ ತಿರುಗಾಟದ ಚರಿತ್ರೆ (1892–1974)

ಜಾಝ್ ಚರಿತ್ರೆ ಬರೆದವರಲ್ಲಿ ಬಹುಪಾಲು ಜನ ಗ್ರಾಮಫೋನ್ ತಟ್ಟೆಗಳನ್ನು ಮುಂದಿಟ್ಟುಕೊಂಡು ಬರೆದಿದ್ದಾರೆ. ಅದು ಸಹಜವೇ. ತಟ್ಟೆಗೆ ತಾರೀಖಿರುತ್ತದೆ, ನುಡಿಸಿದವರ ಹೆಸರು ಸಿಗುತ್ತದೆ, ಬೇಕಾದಷ್ಟು ಸಲ ಹಾಕಿ ಕೇಳಬಹುದು. ಆದರೆ 1930ರ ದಶಕದ ಬಿಗ್ ಬ್ಯಾಂಡೊಂದು ಸ್ಟುಡಿಯೊದಲ್ಲಿ ಕಳೆಯುತ್ತಿದ್ದ ಕಾಲ ವರ್ಷದಲ್ಲಿ ತೀರಾ ಕಡಿಮೆ. ಉಳಿದ ದಿನಗಳೆಲ್ಲ ರೈಲಿನಲ್ಲಿ, ಬಸ್ಸಿನಲ್ಲಿ, ಊರೂರಿನ ನೃತ್ಯಶಾಲೆಗಳಲ್ಲಿ ಸವೆಯುತ್ತಿದ್ದವು. ಹದಿನಾಲ್ಕು ಹದಿನೈದು ಮಂದಿ ವಾದಕರು, ಒಬ್ಬಿಬ್ಬರು ಗಾಯಕರು, ಮ್ಯಾನೇಜರು, ವಾದ್ಯದ ಪೆಟ್ಟಿಗೆಗಳು, ಸಮವಸ್ತ್ರದ ಟ್ರಂಕುಗಳು ಇಷ್ಟೂ ಪ್ರತಿ ರಾತ್ರಿ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಬೇಕಿತ್ತು. ಈ ಬ್ಯಾಂಡುಗಳು ಯಾವುದರಲ್ಲಿ ಪ್ರಯಾಣ ಮಾಡಿದವು, ರಾತ್ರಿ ಎಲ್ಲಿ ಮಲಗಿದವು, ಎಲ್ಲಿ ಊಟ ಮಾಡಿದವು ಎಂಬುದನ್ನು ಹಿಂಬಾಲಿಸಿದರೆ ಅವುಗಳ ಸಂಗೀತವೂ ಆಯುಷ್ಯವೂ ಹೆಚ್ಚು ಸ್ಪಷ್ಟವಾಗಿ ಅರ್ಥವಾಗುತ್ತವೆ ಎಂಬುದು ಈ ಲೇಖನದ ನಿಲುವು.

ಇದಕ್ಕೆ ಬೇಕಾದ ಆಕರಗಳು ಚೆದುರಿಕೊಂಡಿವೆ: ವಾದಕರ ಆತ್ಮಕಥೆಗಳು, ಕಪ್ಪು ಜನರ ಪತ್ರಿಕೆಗಳ ಅಂಕಣಗಳು, ಖಾಸಗಿ ಧ್ವನಿಮುದ್ರಣಗಳು, ಫೋಟೊಗಳು. ಕ್ಯಾಬ್ ಕ್ಯಾಲೊವೇ ಅವರ ಬ್ಯಾಂಡಿನಲ್ಲಿ 1936ರಿಂದ ಡಬಲ್ ಬಾಸ್ ನುಡಿಸುತ್ತಿದ್ದ ಮಿಲ್ಟ್ ಹಿಂಟನ್ ಎಲ್ಲಿಗೆ ಹೋದರೂ ಕ್ಯಾಮೆರಾ ಒಯ್ಯುತ್ತಿದ್ದರು. ರೈಲು ಬೋಗಿಯಲ್ಲಿ ಬಾಯಿ ತೆರೆದು ನಿದ್ದೆಹೋದ ಟ್ರಂಪೆಟ್ ವಾದಕ, ‘ಕಪ್ಪು ಜನರಿಗೆ ಮಾತ್ರ’ ಎಂಬ ಫಲಕದ ಕೆಳಗೆ ನಿಂತ ಸಹವಾದಕರು ಅವರ ಫೋಟೊಗಳಲ್ಲಿದ್ದಾರೆ. ವೇದಿಕೆಯ ಮೇಲೆ ಬಿಳಿ ಕೋಟು ತೊಟ್ಟು ಮಿರುಗುತ್ತಿದ್ದವರು ಇವರೇ. ಹೊರಗಿನ ಪತ್ರಿಕಾ ಛಾಯಾಗ್ರಾಹಕನಿಗೆ ಆ ಬೋಗಿಯೊಳಕ್ಕೆ ಪ್ರವೇಶವಿರಲಿಲ್ಲ. ಆದ್ದರಿಂದ ಸಂಶೋಧಕನ ದೃಷ್ಟಿಯಲ್ಲಿ ಹಿಂಟನ್ ಅವರ ಸಂಗ್ರಹಕ್ಕೆ ಯಾವ ಧ್ವನಿಮುದ್ರಿಕೆಗೂ ಕಡಿಮೆಯಿಲ್ಲದ ಬೆಲೆಯಿದೆ.

ದೊಡ್ಡ ಬ್ಯಾಂಡು ದೇಶ ಸುತ್ತುವ ಪರಿಪಾಠ ಜಾಝ್‌ಗಿಂತ ಹಳೆಯದು. ಅಮೆರಿಕದ ಮರೀನ್ ಪಡೆಯ ಬ್ಯಾಂಡನ್ನು ಬಿಟ್ಟು ಬಂದ ಜಾನ್ ಫಿಲಿಪ್ ಸೂಸಾ 1892ರಲ್ಲಿ ಸ್ವಂತ ಬ್ಯಾಂಡ್ ಕಟ್ಟಿ, ನ್ಯೂಜರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ಮೊದಲ ಕಛೇರಿ ಕೊಟ್ಟರು. ಆಗ ರೈಲು ಹಳಿ ಹೆಚ್ಚುಕಡಿಮೆ ಪ್ರತಿ ಊರನ್ನೂ ಮುಟ್ಟಿತ್ತು. ಮಧ್ಯಾಹ್ನ ಒಂದು ಊರಿನಲ್ಲಿ, ರಾತ್ರಿ ಮುಂದಿನ ಊರಿನಲ್ಲಿ ನುಡಿಸಿ ಮುಂದೆ ಹೋಗುವ ಕ್ರಮವನ್ನು ಅವರು ರೂಢಿಗೆ ತಂದರು. 1910–11ರಲ್ಲಿ ಬ್ಯಾಂಡು ಬ್ರಿಟನ್, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಾಗಳನ್ನು ಹಾಯ್ದು ಭೂಮಿಗೇ ಸುತ್ತು ಹಾಕಿತು. ಈ ತಿರುಗಾಟ 1931ರವರೆಗೆ ನಡೆಯಿತು. ಮರುವರ್ಷ ಮಾರ್ಚ್‌ನಲ್ಲಿ ಸೂಸಾ ಪೆನ್ಸಿಲ್ವೇನಿಯದ ರೆಡಿಂಗ್ ಎಂಬಲ್ಲಿ ಸ್ಥಳೀಯ ಬ್ಯಾಂಡಿಗೆ ತಾಲೀಮು ನಡೆಸಿ, ಅದೇ ಊರಿನ ಹೋಟೆಲಿನಲ್ಲಿ ತೀರಿಕೊಂಡರು.

ಸೂಸಾ ಬ್ಯಾಂಡಿನ ಮುಂದೆ ಜನ ಕುಳಿತು ಕೇಳುತ್ತಿದ್ದರು. 1920ರ ದಶಕದ ಬ್ಯಾಂಡುಗಳ ಮುಂದೆ ಕುಣಿಯತೊಡಗಿದರು. ವ್ಯಾಪಾರದ ಲೆಕ್ಕವೂ ಬದಲಾಯಿತು. ಜೂಲ್ಸ್ ಸ್ಟೈನ್ 1924ರಲ್ಲಿ ಷಿಕಾಗೋದಲ್ಲಿ ಹುಟ್ಟುಹಾಕಿದ ಎಂಸಿಎ ಮುಂತಾದ ಬುಕಿಂಗ್ ಸಂಸ್ಥೆಗಳು ಬ್ಯಾಂಡುಗಳನ್ನು ಊರಿಂದೂರಿಗೆ ಸರದಿಯ ಮೇಲೆ ಕಳಿಸತೊಡಗಿದವು. ದೊಡ್ಡ ಹೋಟೆಲಿನಲ್ಲಿ ವಾರಗಟ್ಟಲೆ ನುಡಿಸಿದರೆ ಕೈಗೆ ಬರುವುದು ಕಡಿಮೆ. ಆದರೆ ಅಲ್ಲಿಂದ ರಾತ್ರಿ ರೇಡಿಯೊ ನೇರಪ್ರಸಾರವಿರುತ್ತಿತ್ತು, ಅದರಿಂದ ಹೆಸರು ಹರಡುತ್ತಿತ್ತು. ಆ ಹೆಸರನ್ನು ದುಡ್ಡಾಗಿಸಿಕೊಳ್ಳಬೇಕಾದರೆ ಒಂದೊಂದೇ ರಾತ್ರಿಯ ಕಾರ್ಯಕ್ರಮಗಳಿಗೆ ಹೊರಡಬೇಕು. ಬೆನ್ನಿ ಗುಡ್‌ಮನ್ ಅವರ 1935ರ ಪಶ್ಚಿಮ ಯಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಡೆನ್ವರ್‌ನಲ್ಲಿ ಜನ ಮೂಗು ಮುರಿದರು. ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ ಅದೇ ಬ್ಯಾಂಡಿಗೆ ಜನ ಮುಗಿಬಿದ್ದರು. ಅವರ ರೇಡಿಯೊ ಕಾರ್ಯಕ್ರಮ ನ್ಯೂಯಾರ್ಕಿನಲ್ಲಿ ನಡುರಾತ್ರಿ ದಾಟಿ ಬರುತ್ತಿತ್ತು. ಗಡಿಯಾರ ಮೂರು ಗಂಟೆ ಹಿಂದಿರುವ ಕ್ಯಾಲಿಫೋರ್ನಿಯದಲ್ಲಿ ಹುಡುಗರು ಎಚ್ಚರವಿರುವ ಹೊತ್ತಿಗೇ ಅದು ಕೇಳಿಸುತ್ತಿತ್ತು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ನನಗೂ ಅದು ಒಪ್ಪಿತ.

ಆದರೆ ರೇಡಿಯೊ ತಂತಿಯಿದ್ದ ಹೋಟೆಲುಗಳ ಬಾಗಿಲು ಬಹುತೇಕ ಬಿಳಿಯ ಬ್ಯಾಂಡುಗಳಿಗಷ್ಟೇ ತೆರೆದಿತ್ತು. ಹಾರ್ಲೆಮ್‌ನ ಕಾಟನ್ ಕ್ಲಬ್, ಷಿಕಾಗೋದ ಗ್ರ್ಯಾಂಡ್ ಟೆರೇಸ್‌ನಂಥ ಕೆಲವೇ ಜಾಗಗಳನ್ನು ಬಿಟ್ಟರೆ ಕಪ್ಪು ವಾದಕರಿಗೆ ನೆಲೆನಿಂತು ನುಡಿಸುವ ಅವಕಾಶವಿರಲಿಲ್ಲ. ಹಾಗಾಗಿ ಅವರು ಬಿಳಿಯರಿಗಿಂತ ಹೆಚ್ಚು ಕಾಲ ರಸ್ತೆಯ ಮೇಲಿದ್ದರು. ದಕ್ಷಿಣದ ರಾಜ್ಯಗಳಲ್ಲಂತೂ ಅದೇ ರಸ್ತೆಯಲ್ಲಿ ಅವರಿಗೆ ಹೋಟೆಲಿಲ್ಲ, ಊಟದ ಮನೆಯಿಲ್ಲ, ಎಷ್ಟೋ ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯವೂ ಇಲ್ಲ. ಬಿಗ್ ಬ್ಯಾಂಡ್ ಯುಗವನ್ನು ಕುರಿತ ಸಾಮಾನ್ಯ ಪುಸ್ತಕಗಳು ಇದನ್ನು ‘ಕಷ್ಟಗಳು’ ಎಂಬ ಒಂದು ಪ್ಯಾರಾದಲ್ಲಿ ಮುಗಿಸುವುದು ಸರಿಯಲ್ಲ. ಯಾರು ಎಷ್ಟು ದಿನ ತಿರುಗಬೇಕು ಎಂಬುದನ್ನೇ ವರ್ಣಭೇದ ಗೊತ್ತುಮಾಡುತ್ತಿತ್ತು.

ತಂಗಲು ಜಾಗ ಸಿಗದವರು ತಮ್ಮದೇ ಜಾಲ ಹೆಣೆದುಕೊಂಡರು. ಊರೂರಿನ ಕಪ್ಪು ಕುಟುಂಬಗಳು ಮನೆಯ ಕೋಣೆಗಳನ್ನು ವಾದಕರಿಗೆ ಬಾಡಿಗೆಗೆ ಕೊಟ್ಟು ಅಡುಗೆ ಮಾಡಿ ಬಡಿಸುತ್ತಿದ್ದವು. ಹಾರ್ಲೆಮ್‌ನ ಅಂಚೆಪೇದೆ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ಪ್ರಕಟಿಸಿದ ‘ಗ್ರೀನ್ ಬುಕ್’ ಇಂಥ ವಿಳಾಸಗಳನ್ನು ಎಲ್ಲ ಪ್ರಯಾಣಿಕರಿಗೂ ದೊರಕಿಸಿತು. ಅದಕ್ಕೂ ಮುಂಚೆಯೇ ಷಿಕಾಗೋದ ಬ್ಯಾಂಡ್ ನಾಯಕ ವಾಲ್ಟರ್ ಬಾರ್ನ್ಸ್ ‘ಷಿಕಾಗೋ ಡಿಫೆಂಡರ್’ ಪತ್ರಿಕೆಗೆ ಅಂಕಣ ಬರೆಯುತ್ತ, ದಕ್ಷಿಣದಲ್ಲಿ ತಾವು ನುಡಿಸಿದ ಊರುಗಳನ್ನೂ ಅಲ್ಲಿನ ಜನರನ್ನೂ ಪರಿಚಯಿಸುತ್ತಿದ್ದರು. ಆ ಅಂಕಣ ಉಳಿದ ಬ್ಯಾಂಡುಗಳಿಗೆ ದಾರಿ ತೋರಿಸಿತು. 1940ರ ಏಪ್ರಿಲ್ 23ರಂದು ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ ಅವರ ಬ್ಯಾಂಡು ನುಡಿಸುತ್ತಿದ್ದಾಗ ರಿದಮ್ ಕ್ಲಬ್ಬಿಗೆ ಬೆಂಕಿ ಬಿತ್ತು. ಅಲಂಕಾರಕ್ಕೆ ಇಳಿಬಿಟ್ಟಿದ್ದ ಜಡೆಯಂಥ ಒಣ ಸಸ್ಯ ಒಮ್ಮೆಲೇ ಹೊತ್ತಿಕೊಂಡಿತು. ಟಿಕೆಟ್ಟಿಲ್ಲದೆ ಯಾರೂ ನುಗ್ಗಬಾರದೆಂದು ಕಿಟಕಿಗಳಿಗೆ ಹಲಗೆ ಹೊಡೆಯಲಾಗಿತ್ತು. ಸತ್ತವರು 209 ಮಂದಿ. ಬಾರ್ನ್ಸ್ ಮತ್ತು ಅವರ ವಾದಕರಲ್ಲಿ ಬಹುತೇಕರು ಅವರೊಳಗೆ ಸೇರಿದ್ದರು.

ಡ್ಯೂಕ್ ಎಲಿಂಗ್ಟನ್ ಕಂಡುಕೊಂಡ ದಾರಿ ಬೇರೆ. 1930ರ ದಶಕದ ನಡುವಿನಿಂದ ಅವರ ಬ್ಯಾಂಡು ದಕ್ಷಿಣಕ್ಕೆ ಹೋಗುವಾಗ ಪುಲ್ಮನ್ ಕಂಪನಿಯ ಎರಡು ಸ್ಲೀಪರ್ ಬೋಗಿಗಳನ್ನೂ ಒಂದು ಲಗೇಜ್ ಬೋಗಿಯನ್ನೂ ಬಾಡಿಗೆಗೆ ಹಿಡಿಯುತ್ತಿತ್ತು. ಮಾಮೂಲಿ ರೈಲಿಗೆ ಅವನ್ನು ಜೋಡಿಸುತ್ತಿದ್ದರು. ಊರು ಬಂದಾಗ ಕಳಚಿ ಸೈಡಿಂಗ್‌ನಲ್ಲಿ ನಿಲ್ಲಿಸುತ್ತಿದ್ದರು. ನೀರು, ವಿದ್ಯುತ್ತು, ಹಾಸಿಗೆ, ಶೌಚಾಲಯ ಎಲ್ಲ ಒಳಗೇ ಇರುತ್ತಿದ್ದುದರಿಂದ ಊರಿನಲ್ಲಿ ಯಾರ ಮುಂದೆಯೂ ಕೈಯೊಡ್ಡಬೇಕಾಗಿರಲಿಲ್ಲ. ಕುತೂಹಲದಿಂದ ನೋಡಲು ಬಂದವರಿಗೆ, ದೇಶದ ಅಧ್ಯಕ್ಷರೂ ಹೀಗೇ ಪ್ರಯಾಣ ಮಾಡುವುದು ಎಂದು ಉತ್ತರ ಕೊಡುತ್ತಿದ್ದುದನ್ನು ಎಲಿಂಗ್ಟನ್ ಮುಂದೆ ನೆನೆದಿದ್ದಾರೆ. ಈ ಉತ್ತರವನ್ನು ಬರೀ ಚತುರೋಕ್ತಿಯೆಂದು ನಾನು ಓದುವುದಿಲ್ಲ. ಸಮಾಜ ತಮಗೆ ಕೊಡದ ಮರ್ಯಾದೆಯನ್ನು ಅವರು ರೈಲ್ವೆಯ ಬಾಡಿಗೆ ರಸೀದಿಯ ಮೂಲಕ ಪಡೆದುಕೊಂಡಿದ್ದರು.

ಆ ಬೋಗಿಯೊಳಗೇ ಸಂಗೀತ ಹುಟ್ಟುತ್ತಿತ್ತು. ಗಾಲಿಯ ತಾಳ, ಎಂಜಿನ್ನಿನ ಕೂಗು, ಕ್ರಾಸಿಂಗಿನ ಗಂಟೆಗಳಿಗೆ ಕಿವಿಗೊಟ್ಟು ಎಲಿಂಗ್ಟನ್ ರಾತ್ರಿಯೆಲ್ಲ ಬರೆಯುತ್ತಿದ್ದರೆಂದು ಕ್ಲಾರಿನೆಟ್ ವಾದಕ ಬಾರ್ನಿ ಬಿಗಾರ್ಡ್ ಹೇಳಿದ್ದಾರೆ. 1933ರ ‘ಡೇಬ್ರೇಕ್ ಎಕ್ಸ್‌ಪ್ರೆಸ್’ನಲ್ಲಿ ರೈಲು ನಿಲ್ದಾಣ ಬಿಟ್ಟು ವೇಗ ಹಿಡಿಯುವುದನ್ನು ಹಿತ್ತಾಳೆಯ ವಾದ್ಯಗಳೇ ಕೇಳಿಸುತ್ತವೆ. 1935ರ ಮೇ ತಿಂಗಳಲ್ಲಿ ತಾಯಿ ತೀರಿಹೋದ ಬಳಿಕ ದಕ್ಷಿಣದ ತಿರುಗಾಟದಲ್ಲಿ, ರೈಲಿನಲ್ಲಿ ಒಂಟಿಯಾಗಿ ಕುಳಿತು ಬರೆದ ‘ರೆಮಿನಿಸಿಂಗ್ ಇನ್ ಟೆಂಪೊ’ ತಟ್ಟೆಯ ನಾಲ್ಕು ಮಗ್ಗುಲುಗಳಿಗೆ ಹರಡಿಕೊಂಡಿತು. ಕುಣಿತದ ಬ್ಯಾಂಡೊಂದು ಅಷ್ಟು ದೀರ್ಘವಾದ ರಚನೆಗೆ ಕೈಹಾಕಿದ್ದು ಆಗಿನ ವಿಮರ್ಶಕರಲ್ಲಿ ಹಲವರಿಗೆ ಹಿಡಿಸಲಿಲ್ಲ. ಆಂಡಿ ಕರ್ಕ್ ಅವರ ಬ್ಯಾಂಡಿನ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಅವರಿಗೆ ಇಂಥ ಬೋಗಿಯ ಅನುಕೂಲವಿರಲಿಲ್ಲ. ಓಡುವ ಕಾರಿನಲ್ಲಿ ಟಾರ್ಚು ಹಿಡಿದುಕೊಂಡು ಅವರು ಸ್ವರಲಿಪಿ ಬರೆಯುತ್ತಿದ್ದರು. ಹಗಲು ಬರೆದದ್ದನ್ನು ರಾತ್ರಿಯೇ ನುಡಿಸಿ ಕೇಳುವ, ಮರುರಾತ್ರಿ ತಿದ್ದಿ ನುಡಿಸುವ ಅವಕಾಶ ಯೂರೋಪಿನ ಎಷ್ಟು ಸ್ವರರಚನಕಾರರಿಗಿತ್ತು?

ಹೀಗೆ ಪ್ರತಿ ರಾತ್ರಿ ಒಟ್ಟಿಗಿದ್ದು ಪಳಗಿದ ನಾದ ಹೇಗಿತ್ತೆಂಬುದಕ್ಕೆ ಒಂದು ಅಪರೂಪದ ಸಾಕ್ಷ್ಯ ಉಳಿದಿದೆ. 1940ರ ನವೆಂಬರ್ 7ರಂದು ಎಲಿಂಗ್ಟನ್ ಬ್ಯಾಂಡು ಕೆನಡಾದ ವಿನಿಪೆಗ್‌ನಿಂದ ಇಳಿದು ನಾರ್ತ್ ಡಕೋಟದ ಫಾರ್ಗೊ ಊರಿನ ಕ್ರಿಸ್ಟಲ್ ಬಾಲ್‌ರೂಮ್‌ಗೆ ಬಂತು. ಜ್ಯಾಕ್ ಟವರ್ಸ್, ಡಿಕ್ ಬರಿಸ್ ಎಂಬಿಬ್ಬರು ತರುಣರು ಅನುಮತಿ ಪಡೆದು, ಹೊತ್ತು ತಂದಿದ್ದ ತಟ್ಟೆ ಕೊರೆಯುವ ಯಂತ್ರದಲ್ಲಿ ಇಡೀ ಸಂಜೆಯನ್ನು ಹಿಡಿದಿಟ್ಟರು. ಟ್ರಂಪೆಟ್ ವಾದಕ ಕೂಟಿ ವಿಲಿಯಮ್ಸ್ ಬ್ಯಾಂಡು ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ಬಂದ ರೇ ನ್ಯಾನ್ಸ್ ಇನ್ನೂ ಹೊಸಬ. ತಟ್ಟೆ ಮುಗಿದಾಗ ಕೆಲವು ರಚನೆಗಳು ಅರ್ಧಕ್ಕೆ ಕಡಿದುಹೋಗಿವೆ. ಆದರೂ ಸ್ಟುಡಿಯೊದ ಮೂರು ನಿಮಿಷದ ಮಿತಿಯಿಲ್ಲದೆ ಸ್ಯಾಕ್ಸೋಫೋನ್ ವಾದಕ ಬೆನ್ ವೆಬ್‌ಸ್ಟರ್ ‘ಸ್ಟಾರ್‌ಡಸ್ಟ್’ ನುಡಿಸುವಾಗ, ಜಿಮ್ಮಿ ಬ್ಲಾಂಟನ್ ಅವರ ಬಾಸ್ ಕೆಳಗಿನಿಂದ ಬ್ಯಾಂಡನ್ನು ಎತ್ತಿ ಹಿಡಿಯುವಾಗ, ಕೇಳುವವನ ಮೈ ಜುಮ್ಮೆನ್ನುತ್ತದೆ. ಇದು ಕಾರ್ನೆಗಿ ಹಾಲ್ ಅಲ್ಲ; ಚಳಿಯ ಊರೊಂದರಲ್ಲಿ ಜನ ಕುಣಿಯಲೆಂದು ಸೇರಿದ ಮಾಮೂಲಿ ಗುರುವಾರ. 1978ರಲ್ಲಿ ಪ್ರಕಟವಾದ ಈ ಮುದ್ರಣ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು.

ಪುಲ್ಮನ್ ಬೋಗಿ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಕೌಂಟ್ ಬೇಸೀ ಅವರ ಬ್ಯಾಂಡು 1936ರಲ್ಲಿ ಕಾನ್ಸಾಸ್ ಸಿಟಿಯಿಂದ ಹೊರಟಿದ್ದು ಬಸ್ಸಿನಲ್ಲಿ. ಮರುವರ್ಷ ಅದರ ಗಾಯಕಿಯಾದ ಬಿಲ್ಲಿ ಹಾಲಿಡೇ ಬಸ್ಸಿನ ನೆಲದ ಮೇಲೆ ವಾದಕರ ಜೊತೆ ದಾಳವಾಡುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಡೆಟ್ರಾಯಿಟ್‌ನ ರಂಗಮಂದಿರವೊಂದರಲ್ಲಿ, ಕಪ್ಪು ವಾದಕರ ನಡುವೆ ಆಕೆ ಬಿಳಿಯಳಂತೆ ಕಾಣಬಾರದೆಂದು ಮುಖಕ್ಕೆ ಕಪ್ಪು ಬಣ್ಣ ಬಳಿಸಿದ ಪ್ರಸಂಗವೂ ಅಲ್ಲಿದೆ. ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ‘ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್’ ಎಂಬ ಹೆಣ್ಣುಮಕ್ಕಳ ಬ್ಯಾಂಡಿನ ಕಥೆ. ಮಿಸಿಸಿಪ್ಪಿಯ ಪೈನಿ ವುಡ್ಸ್ ಶಾಲೆಗೆ ನಿಧಿ ಕೂಡಿಸಲೆಂದು 1937ರಲ್ಲಿ ಹುಟ್ಟಿದ ಈ ಬ್ಯಾಂಡು 1941ರಲ್ಲಿ ಶಾಲೆಯಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಂತಿತು. ಮಲಗಲು ಬೆರ್ತುಗಳಿದ್ದ ಬಸ್ಸೇ ಅವರ ಮನೆ; ಊಟವೂ ಅಲ್ಲೇ, ಓದುಬರಹವೂ ಅಲ್ಲೇ. ಮುಂದೆ ಕೆಲವು ಬಿಳಿಯ ವಾದಕಿಯರು ಸೇರಿಕೊಂಡರು. ಕಪ್ಪು ಜನರೂ ಬಿಳಿಯರೂ ಒಂದೇ ಬಸ್ಸಿನಲ್ಲಿ ವಾಸ ಮಾಡುವುದು ದಕ್ಷಿಣದಲ್ಲಿ ಅಪರಾಧ. ಪೊಲೀಸರ ಕಣ್ಣು ತಪ್ಪಿಸಲು ಆ ಹುಡುಗಿಯರು ವೇದಿಕೆಗೆ ಹೋಗುವ ಮುನ್ನ ಮುಖಕ್ಕೆ ಗಾಢ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಒಂದು ಕಡೆ ಬಣ್ಣವನ್ನು ಬಲವಂತದಿಂದ ಬಳಿಸಲಾಯಿತು, ಇನ್ನೊಂದು ಕಡೆ ಗೆಳತಿಯರ ಜೊತೆ ಇರಲೆಂದು ತಾವಾಗಿ ಹಚ್ಚಿಕೊಂಡರು. ಎರಡೂ ಒಂದೇ ಕಾನೂನಿನ ನೆರಳಿನಲ್ಲಿ ನಡೆದವು. ಯುದ್ಧ ಮುಗಿದಾಗ ಈ ಬ್ಯಾಂಡು ಯೂರೋಪಿನಲ್ಲಿದ್ದ ಅಮೆರಿಕನ್ ಸೈನಿಕರ ಮುಂದೆ ನುಡಿಸಿತು. ದಶಕ ಮುಗಿಯುವ ಹೊತ್ತಿಗೆ ಒಡೆಯಿತು.

ರಸ್ತೆ ಜೀವವನ್ನೂ ತೆಗೆಯುತ್ತಿತ್ತು. ಕ್ಯಾಲೊವೇ ಬ್ಯಾಂಡಿನ ಸ್ಯಾಕ್ಸೋಫೋನ್ ವಾದಕ ಚೂ ಬೆರಿ 1941ರ ಅಕ್ಟೋಬರ್‌ನಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಮುಂದಿನದಕ್ಕೆ ಹೋಗುವಾಗ ಒಹಾಯೊದಲ್ಲಿ ಕಾರು ಅಪಘಾತಕ್ಕೀಡಾಗಿ ತೀರಿಕೊಂಡರು. ಬಹಳ ದೂರದ ಪಯಣಗಳಿಗೆ ಹೆಸರಾಗಿದ್ದ ಬ್ಯಾಂಡ್ ನಾಯಕ ಜಿಮ್ಮಿ ಲನ್ಸ್‌ಫರ್ಡ್ 1947ರಲ್ಲಿ ಆರಿಗನ್‌ನ ಸೀಸೈಡ್ ಊರಿನಲ್ಲಿ, ತಿರುಗಾಟದ ನಡುವೆಯೇ ಕುಸಿದು ಸತ್ತರು.

ಇಷ್ಟು ದೊಡ್ಡ ವ್ಯವಸ್ಥೆ ಕುಸಿದದ್ದಕ್ಕೆ ಸಂಗೀತದ ಅಭಿರುಚಿ ಬದಲಾದದ್ದೇ ಕಾರಣವೆಂದು ಹೇಳುವುದುಂಟು. ಸಾಗಾಟದ ಕಡೆಯಿಂದ ನೋಡಿದರೆ ಬೇರೆ ಕಾರಣಗಳು ಮುಂದೆ ಬರುತ್ತವೆ. ಯುದ್ಧಕಾಲದಲ್ಲಿ ಪೆಟ್ರೋಲಿಗೂ ಟೈರಿಗೂ ಪಡಿತರ ಬಂತು, ರೈಲುಗಳು ಸೈನಿಕರಿಂದ ತುಂಬಿದವು, ನುರಿತ ವಾದಕರು ಸೇನೆಗೆ ಹೋದರು, ಉಳಿದವರ ಸಂಬಳ ಏರಿತು. 1944ರಲ್ಲಿ ನೃತ್ಯ ಮನರಂಜನೆಯ ಮೇಲೆ ಭಾರೀ ತೆರಿಗೆ ಬಿತ್ತು. 1946ರ ಕೊನೆಗೆ ಬೆನ್ನಿ ಗುಡ್‌ಮನ್, ವುಡಿ ಹರ್ಮನ್, ಹ್ಯಾರಿ ಜೇಮ್ಸ್, ಟಾಮಿ ಡಾರ್ಸಿ, ಲೆಸ್ ಬ್ರೌನ್, ಬೆನ್ನಿ ಕಾರ್ಟರ್ ಮೊದಲಾದವರ ಬ್ಯಾಂಡುಗಳು ಕೆಲವೇ ವಾರಗಳ ಅಂತರದಲ್ಲಿ ಮುಚ್ಚಿದವು. ಕೆಲವರು ಮತ್ತೆ ಕಟ್ಟಿದರು; ಹಳೆಯ ತಿರುಗಾಟ ಮಾತ್ರ ಮರಳಲಿಲ್ಲ. ಐದಾರು ಜನರ ತಂಡ ಒಂದು ಕಾರಿನಲ್ಲಿ ಹೋಗಿಬರಬಹುದು. ಹದಿನೈದು ಜನಕ್ಕೆ ದಾರಿಖರ್ಚೇ ಹುಟ್ಟುತ್ತಿರಲಿಲ್ಲ.

ಎಲಿಂಗ್ಟನ್ ಮಾತ್ರ ಬಿಡಲಿಲ್ಲ. ತಮ್ಮ ಹಾಡುಗಳಿಂದ ಬರುತ್ತಿದ್ದ ರಾಯಧನವನ್ನು ಬ್ಯಾಂಡಿನ ಸಂಬಳಕ್ಕೆ ಸುರಿದರು. ಬರೆದದ್ದನ್ನು ತಕ್ಷಣ ಕೇಳಬೇಕು ಎಂಬುದು ಅವರು ಕೊಡುತ್ತಿದ್ದ ಕಾರಣ. ಪುಲ್ಮನ್ ಬೋಗಿಗಳ ಕಾಲ ಮುಗಿದ ಮೇಲೆ ಉಳಿದವರು ಬಸ್ಸಿನಲ್ಲಿ ಹೋದರೆ, ಅವರು 1927ರಿಂದ ಜೊತೆಗಿದ್ದ ಬ್ಯಾರಿಟೋನ್ ಸ್ಯಾಕ್ಸೋಫೋನ್ ವಾದಕ ಹ್ಯಾರಿ ಕಾರ್ನಿಯ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದರು. ಕಾರ್ನಿ ಓಡಿಸುತ್ತಿದ್ದರು, ಎಲಿಂಗ್ಟನ್ ನಕ್ಷೆ ನೋಡಿ ದಾರಿ ಹೇಳುತ್ತಿದ್ದರು. ನಡುನಡುವೆ ಜೇಬಿನಿಂದ ಕಾಗದ ತೆಗೆದು ಗೀಚಿಕೊಳ್ಳುತ್ತಿದ್ದರು.

1963ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಈ ಬ್ಯಾಂಡನ್ನು ಪಶ್ಚಿಮ ಏಷ್ಯಾ ಮತ್ತು ಭಾರತ ಉಪಖಂಡಕ್ಕೆ ಕಳಿಸಿತು. ತಮ್ಮ ನಾಡಿನ ದಕ್ಷಿಣದಲ್ಲಿ ಹೋಟೆಲು ಕಾಣದಿದ್ದ ವಾದಕರು ದೆಹಲಿ, ಮುಂಬಯಿ, ಮದರಾಸು, ಕಲ್ಕತ್ತಗಳಲ್ಲಿ ರಾಷ್ಟ್ರದ ರಾಯಭಾರಿಗಳಾಗಿ ಇಳಿದುಕೊಂಡರು. ನವೆಂಬರ್ 22ರಂದು ಕೆನಡಿ ಹತ್ಯೆಯಾದಾಗ ಬ್ಯಾಂಡು ಟರ್ಕಿಯಲ್ಲಿತ್ತು. ಉಳಿದ ಕಾರ್ಯಕ್ರಮಗಳು ರದ್ದಾದವು. ಆ ಪಯಣದಿಂದ ಬಂದ ‘ಫಾರ್ ಈಸ್ಟ್ ಸ್ವೀಟ್’ 1966ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಣವಾಯಿತು. ಅದರಲ್ಲಿ ಆಗ್ರಾ ಹೆಸರಿನ ಭಾಗವನ್ನು ಕಾರ್ನಿಯ ಬ್ಯಾರಿಟೋನ್ ಹೊತ್ತು ನಡೆಸುತ್ತದೆ. ದೆಹಲಿಯ ಹೆಸರಿನ ಇನ್ನೊಂದು ಭಾಗಕ್ಕೆ, ಸಹಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್ ಅಲ್ಲಿ ಕೇಳಿದ ಮೈನಾ ಹಕ್ಕಿಯ ಕೂಗು ಆಧಾರ. ಕ್ಲಾರಿನೆಟ್ ಅದನ್ನು ಮತ್ತೆ ಮತ್ತೆ ಉಲಿಯುತ್ತದೆ.

ಎಲಿಂಗ್ಟನ್ 1974ರ ಮಾರ್ಚ್‌ವರೆಗೂ ತಿರುಗಾಟದಲ್ಲಿದ್ದರು. ಮೇ 24ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಮುಗಿಯುತ್ತಲೇ ಬ್ಯಾಂಡು ಮಗ ಮರ್ಸರ್ ಎಲಿಂಗ್ಟನ್ ಅವರ ನೇತೃತ್ವದಲ್ಲಿ ಬರ್ಮುಡಾಕ್ಕೆ ಹೊರಟಿತು. ಅಲ್ಲಿನ ಕಾರ್ಯಕ್ರಮ ಮೊದಲೇ ಗೊತ್ತಾಗಿತ್ತು.